ಹದಿನಾರು ಮತಗಳ ದೂರ: ಟೊಕೆಲಾವ್ ದ್ವೀಪಗಳ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ನ್ಯೂಜಿಲೆಂಡಿನ ಪೊರಿರುವಾದಿಂದ ಸದಸ್ಯೆಯೊಬ್ಬರು):

ನಮಸ್ಕಾರ ಸರ್. ನಾನು ಶಿವಮೊಗ್ಗದ ಕಡೆಯವಳು. ಇಲ್ಲಿ ವೆಲಿಂಗ್ಟನ್ ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ನಮ್ಮ ಪಕ್ಕದ ಮನೆಯ ಅಜ್ಜಿ ಪೆಸಿಫಿಕ್ ಸಾಗರದಲ್ಲಿ, ನ್ಯೂಜಿಲೆಂಡಿನ ಆಡಳಿತಕ್ಕೆ ಸೇರಿದ ಟೊಕೆಲಾವ್ ಎಂಬ ದ್ವೀಪದವರು. ಮೊನ್ನೆ ಚಹಾ ಕುಡಿಯುತ್ತಾ ಕುಳಿತಿದ್ದಾಗ ಅವರು, "ನಮ್ಮೂರಿನವರು ಎರಡು ಸಲ ಮತ ಹಾಕಿದರು, ಎರಡು ಸಲವೂ ಆಗಲಿಲ್ಲ, ಒಳ್ಳೆಯದೇ ಆಯಿತು" ಎಂದರು. ಅಲ್ಲೇ ಇದ್ದ ಮೊಮ್ಮಗ ಮುಖ ಸಣ್ಣದು ಮಾಡಿಕೊಂಡು, "ಸ್ವಾತಂತ್ರ್ಯವನ್ನು ಬೇಡ ಎಂದ ಜನ ನಾವು" ಎಂದ. ನನಗೆ ಏನು ಹೇಳಬೇಕೆಂದೇ ತೋಚಲಿಲ್ಲ. ನಿಜಕ್ಕೂ ಒಂದು ಜನ ಸ್ವಾತಂತ್ರ್ಯ ಬೇಡ ಎಂದು ಮತ ಹಾಕುತ್ತದೆಯೇ? ನೀವು ಅಂತರರಾಷ್ಟ್ರೀಯ ಕಾನೂನು ಕಲಿಸಿದವರು, ದಯವಿಟ್ಟು ತಿಳಿಸಿ.

ಉತ್ತರ:

ಅಮ್ಮಾ, ಮೊದಲು ಆ ಹುಡುಗನಿಗೆ ಒಂದು ಮಾತು ತಿಳಿಸಿ. ಅವನ ಹಿರಿಯರು ಸ್ವಾತಂತ್ರ್ಯವನ್ನು ಬೇಡ ಎನ್ನಲಿಲ್ಲ. ಅವರ ಮುಂದಿದ್ದ ಮತಪತ್ರದಲ್ಲಿ ಪೂರ್ಣ ಸ್ವಾತಂತ್ರ್ಯ ಎಂಬ ಆಯ್ಕೆಯೇ ಇರಲಿಲ್ಲ. ನ್ಯೂಜಿಲೆಂಡಿನೊಡನೆ 'ಮುಕ್ತ ಸಹಯೋಗ'ದ ಸಂಬಂಧಕ್ಕೆ, ಅಂದರೆ ಒಳಾಡಳಿತವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡು ಸ್ವಇಚ್ಛೆಯಿಂದ ಅದರ ಜೊತೆಗಿರುವ ಸಂಬಂಧಕ್ಕೆ ಹೋಗೋಣವೇ ಎಂಬುದಷ್ಟೇ ಪ್ರಶ್ನೆ. ಬಹುಮತದ ಜನ ಹೋಗೋಣ ಎಂದೇ ಹೇಳಿದರು. 2006ರ ಫೆಬ್ರವರಿಯಲ್ಲಿ ಬಿದ್ದ 581 ಮತಗಳಲ್ಲಿ 349 ಪರವಾಗಿದ್ದವು. 2007ರ ಅಕ್ಟೋಬರಿನಲ್ಲಿ 692ರಲ್ಲಿ 446. ಆದರೆ ಮೂರನೇ ಎರಡರಷ್ಟು ಮತ ಬೀಳಬೇಕೆಂದು ಅವರೇ ನಿಯಮ ಮಾಡಿಕೊಂಡಿದ್ದರು. ಎರಡನೆಯ ಸಲ ಹದಿನಾರು ಮತ ಕಡಿಮೆ ಬಿದ್ದವು. ಹದಿನಾರು! ಎರಡು ಮೂರು ಕೂಡು ಕುಟುಂಬಗಳ ಮತ ಅಷ್ಟಾಗುತ್ತದೆ.

ವಿಶ್ವಸಂಸ್ಥೆಯ ಮಹಾಸಭೆ 1960ರ ಡಿಸೆಂಬರಿನಲ್ಲಿ ಬೆನ್ನುಬೆನ್ನಿಗೆ ಎರಡು ನಿರ್ಣಯಗಳನ್ನು ಅಂಗೀಕರಿಸಿತು. 1514ನೆಯದು ವಸಾಹತುಶಾಹಿ ಕೊನೆಗೊಳ್ಳಬೇಕು ಎಂದು ಸಾರಿತು. 1541ನೆಯದು ವಸಾಹತುವೊಂದು ಸ್ವಯಮಾಡಳಿತಕ್ಕೆ ತಲುಪಲು ಮೂರು ದಾರಿಗಳಿವೆ ಎಂದಿತು: ಸ್ವತಂತ್ರ ರಾಷ್ಟ್ರವಾಗುವುದು, ಇನ್ನೊಂದು ರಾಷ್ಟ್ರದೊಡನೆ ಮುಕ್ತ ಸಹಯೋಗದಲ್ಲಿರುವುದು, ಇಲ್ಲವೇ ಆ ರಾಷ್ಟ್ರದಲ್ಲಿ ಸಮಾನರಾಗಿ ವಿಲೀನವಾಗುವುದು. ನಮಗೆ ಭಾರತೀಯರಿಗೆ ಮೊದಲನೆಯ ದಾರಿ ಮಾತ್ರ ಕಣ್ಣಿಗೆ ಕಟ್ಟಿದೆ, ನಮ್ಮ ಕಥೆಯೇ ಅದಾದ್ದರಿಂದ. ಉಳಿದೆರಡು ದಾರಿಗಳನ್ನು ಅರ್ಧ ಗುಲಾಮಗಿರಿ ಎಂಬಂತೆ ನೋಡುತ್ತೇವೆ. ತರಗತಿಯಲ್ಲಿ ಪ್ರತಿ ವರ್ಷ ಈ ತಪ್ಪು ತಿಳಿವಳಿಕೆಯೊಡನೆ ನಾನು ಜಗಳವಾಡಿದ್ದೇನೆ. ಸ್ವಯಂ ನಿರ್ಣಯ ಎಂದರೆ ನಿರ್ಣಯ ಯಾರದ್ದು ಎಂಬ ಪ್ರಶ್ನೆ. ನಿರ್ಣಯ ಇಂಥದ್ದೇ ಆಗಿರಬೇಕು ಎಂದು ಹೊರಗಿನವರು ಹೇಳಿದ ಕ್ಷಣವೇ ಅದರಲ್ಲಿನ 'ಸ್ವಯಂ' ಹೋಯಿತು.

ಪ್ರಶ್ನೆ (ಧಾರವಾಡದ ಕಾನೂನು ವಿದ್ಯಾರ್ಥಿ):

ಸರ್, ಅಲ್ಲಿನ ಜನಸಂಖ್ಯೆ ಸುಮಾರು 1500 ಎಂದು ಓದಿದೆ. ನಮ್ಮ ಗ್ರಾಮ ಪಂಚಾಯಿತಿಯಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಇಷ್ಟು ಸಣ್ಣ ಊರಿಗೆ ಸ್ವಯಂ ನಿರ್ಣಯ, ಒಪ್ಪಂದ, ಸಂವಿಧಾನ ಎಲ್ಲ ಅತಿಯಾಗಲಿಲ್ಲವೇ?

ಉತ್ತರ:

ಇಲ್ಲಪ್ಪ, ಖಂಡಿತ ಇಲ್ಲ. 1514ನೆಯ ನಿರ್ಣಯವನ್ನೇ ಮತ್ತೊಮ್ಮೆ ಓದು. ರಾಜಕೀಯ, ಆರ್ಥಿಕ, ಸಾಮಾಜಿಕ ಅಥವಾ ಶೈಕ್ಷಣಿಕ ಸಿದ್ಧತೆ ಸಾಲದು ಎಂಬುದನ್ನು ಸ್ವಾತಂತ್ರ್ಯ ಮುಂದೂಡುವ ನೆಪವಾಗಿಸಬಾರದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಹಕ್ಕು ಇರುವುದು ಜನಕ್ಕೆ. ತಲೆ ಎಣಿಸಿ ಇಷ್ಟಿದ್ದರೆ ಮಾತ್ರ ಎಂದು ಯಾವ ಕಾನೂನೂ ಹೇಳುವುದಿಲ್ಲ.

ನೀನು ನೆಲವನ್ನಷ್ಟೇ ನೋಡುತ್ತಿದ್ದೀಯೆ. ಅಟಾಫು, ನುಕುನೊನು, ಫಕಾಓಫೊ ಎಂಬ ಮೂರು ಹವಳದ ದ್ವೀಪಸಮೂಹಗಳನ್ನೂ ಸೇರಿಸಿದರೆ ಸಿಗುವ ನೆಲ ಸುಮಾರು 12 ಚದರ ಕಿಲೋಮೀಟರ್. ಆದರೆ ಅವುಗಳ ಸುತ್ತ ಮೀನುಗಾರಿಕೆಯ ಹಕ್ಕಿರುವ ಸಮುದ್ರ 3 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು, ಅಂದರೆ ಇಡೀ ಕರ್ನಾಟಕದ ಒಂದೂವರೆ ಪಟ್ಟು. ಅಲ್ಲಿ ಟ್ಯೂನಾ ಹಿಡಿಯಲು ಬರುವ ವಿದೇಶಿ ಹಡಗುಗಳಿಂದ ಸಿಗುವ ಪರವಾನಗಿ ಶುಲ್ಕ ಅವರ ದೊಡ್ಡ ಸ್ವಂತ ಆದಾಯ. ಆ ಸಮುದ್ರದ ಮೇಲೆ ಯಾರ ಮಾತು ನಡೆಯಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಇನ್ನೂ ಒಂದು ಸಂಗತಿ. ಪಕ್ಕದ ತುವಾಲು ಇದೆಯಲ್ಲ, 26 ಚದರ ಕಿಲೋಮೀಟರಿನ ದೇಶ, ಅದು 1978ರಲ್ಲಿ ಸ್ವತಂತ್ರವಾಯಿತು, 2000ದಲ್ಲಿ ವಿಶ್ವಸಂಸ್ಥೆಯ ಸದಸ್ಯನೂ ಆಯಿತು. ಬ್ರಿಟಿಷರು 1916ರಲ್ಲಿ ಟೊಕೆಲಾವನ್ನು ಗಿಲ್ಬರ್ಟ್ ಮತ್ತು ಎಲಿಸ್ ದ್ವೀಪಗಳ ವಸಾಹತಿಗೆ ಸೇರಿಸಿದ್ದರು. ಆ ಎಲಿಸ್ ದ್ವೀಪಗಳೇ ಇಂದಿನ ತುವಾಲು. 1926ರಲ್ಲಿ ಟೊಕೆಲಾವನ್ನು ಅಲ್ಲಿಂದ ಕಿತ್ತು ನ್ಯೂಜಿಲೆಂಡಿನ ಆಡಳಿತಕ್ಕೆ ಒಪ್ಪಿಸಿದರು. ದ್ವೀಪದವರನ್ನು ಯಾರೂ ಕೇಳಲಿಲ್ಲ. ಲಂಡನ್ನಿನಲ್ಲಿ ಯಾರೋ ಹಾಕಿದ ಸಹಿಯೊಂದು ಇಲ್ಲದೇ ಹೋಗಿದ್ದರೆ ಇಂದು ನಾವು ಈ ಮಾತನ್ನೇ ಆಡುತ್ತಿರಲಿಲ್ಲವೇನೋ.

ಪ್ರಶ್ನೆ (ಮಂಗಳೂರಿನ ಸದಸ್ಯರು):

ಮೂರನೇ ಎರಡರಷ್ಟು ಎಂಬ ಷರತ್ತು ಯಾಕೆ ಸರ್? ನ್ಯೂಜಿಲೆಂಡ್ ಬೇಕೆಂದೇ ಹಾಕಿದ ಅಡ್ಡಗಾಲೇ?

ಉತ್ತರ:

ಅಲ್ಲ, ಆ ಷರತ್ತನ್ನು ಇಟ್ಟುಕೊಂಡದ್ದು ಟೊಕೆಲಾವಿನವರ ಸ್ವಂತ ಪ್ರತಿನಿಧಿ ಸಭೆಯಾದ ಜನರಲ್ ಫೋನೊ. ಅಂತರರಾಷ್ಟ್ರೀಯ ಕಾನೂನು ಇಂಥ ಮಿತಿಯನ್ನು ವಿಧಿಸುವುದಿಲ್ಲ. ಒಂದೊಂದು ಕಡೆ ಒಂದೊಂದು ರೀತಿ. 2006ರಲ್ಲಿ ಮಾಂಟೆನೆಗ್ರೊಗೆ ಶೇ. 55ರ ಮಿತಿಯಿತ್ತು, ಕೂದಲೆಳೆಯಲ್ಲಿ ದಾಟಿತು. ಕೆರಿಬಿಯನ್‌ನ ನೆವಿಸ್ ದ್ವೀಪದಲ್ಲಿ 1998ರಲ್ಲಿ ಸುಮಾರು ಶೇ. 62 ಜನ ಸೇಂಟ್ ಕಿಟ್ಸ್‌ನಿಂದ ಬೇರೆಯಾಗೋಣ ಎಂದರೂ ಆಗಲಿಲ್ಲ. ಅಲ್ಲಿಯೂ ಸಂವಿಧಾನ ಮೂರನೇ ಎರಡರಷ್ಟನ್ನು ಕೇಳಿತ್ತು.

ಟೊಕೆಲಾವಿನ ವಿಷಯದಲ್ಲಿ ಈ ಮಿತಿ ನನಗೆ ಸರಿಯೆನಿಸುತ್ತದೆ. ಅವರ ಬದುಕಿನ ಕ್ರಮ ನೋಡಿದರೆ ಅರ್ಥವಾಗುತ್ತದೆ. ಪ್ರತಿ ಹಳ್ಳಿಯನ್ನು ನಡೆಸುವುದು ತೌಪುಲೆಂಗಾ ಎಂಬ ಹಿರಿಯರ ಸಭೆ. ಊರಿನ ಗಂಡಸರು ಒಟ್ಟಾಗಿ ಮೀನು ಹಿಡಿದು ತಂದರೆ ಮೀನನ್ನು ನೆಲದ ಮೇಲೆ ರಾಶಿ ರಾಶಿಯಾಗಿ ಹರಡಿ ಪಾಲು ಮಾಡುತ್ತಾರೆ. ಇದಕ್ಕೆ ಇನಾತಿ ಎನ್ನುತ್ತಾರೆ. ದೋಣಿಯಲ್ಲಿ ಹೋದವರ ಮನೆಗೂ, ದುಡಿಯಲಾಗದ ಮುದುಕಿಯ ಮನೆಗೂ ಪಾಲು ಹೋಗುತ್ತದೆ. ಮುಖ್ಯಸ್ಥನ ಪದವಿಯೂ ಹಾಗೆಯೇ. 'ಉಲು' ಎಂಬ ಆ ಸ್ಥಾನ ಮೂರು ದ್ವೀಪಗಳ ನಾಯಕರ ನಡುವೆ ವರ್ಷಕ್ಕೊಬ್ಬರಂತೆ ಸುತ್ತುತ್ತದೆ, ರಾಜಧಾನಿ ಎಂಬುದೇ ಇಲ್ಲ. ಇಂಥ ಕಡೆ ನೂರಕ್ಕೆ ಐವತ್ತೊಂದು ಜನ ಉಳಿದ ನಲವತ್ತೊಂಬತ್ತು ಜನರನ್ನು ಎಳೆದುಕೊಂಡು ಹೋದರೆ, ಮರುದಿನ ಅದೇ ಜನ ಅದೇ ಮೀನನ್ನು ಒಟ್ಟಿಗೆ ಹಂಚಿಕೊಳ್ಳಬೇಕಲ್ಲ?

ಪ್ರಶ್ನೆ (ಮೊದಲು ಕೇಳಿದ ಸದಸ್ಯೆ):

ತುಂಬಾ ಧನ್ಯವಾದ ಸರ್. ಆದರೆ ಅಜ್ಜಿ "ಒಳ್ಳೆಯದೇ ಆಯಿತು" ಎಂದದ್ದು ಯಾಕೆ? ಅವರು ಹುಡುಗಿಯಾಗಿದ್ದಾಗ ಸರ್ಕಾರದ ಯೋಜನೆಯಡಿ ಇಲ್ಲಿಗೆ ಬಂದವರಂತೆ. ಇಂದಿಗೂ ಊರಿನ ಹೆಸರು ಬಂದರೆ ಕಣ್ಣು ಒದ್ದೆಯಾಗುತ್ತದೆ.

ಉತ್ತರ:

ಅವರ ಮನಸ್ಸಿನಲ್ಲಿರುವುದನ್ನು ನಾನು ಹೇಳಲಾರೆ, ಅವರನ್ನೇ ಕೇಳಬೇಕು. ಆದರೆ ಅಂಥವರ ಆತಂಕ ಎಲ್ಲಿಂದ ಬಂತು ಎಂದು ಹೇಳಬಲ್ಲೆ.

ಆ ಊರಿಗೆ ಹೋಗುವ ದಾರಿಯನ್ನು ಕಲ್ಪಿಸಿಕೊಳ್ಳಿ. ವಿಮಾನ ನಿಲ್ದಾಣವಿಲ್ಲ. ಸಮೋವಾದ ಅಪಿಯಾದಿಂದ ಹಡಗಿನಲ್ಲಿ ಒಂದು ಹಗಲು ಒಂದು ರಾತ್ರಿ, ಸಮುದ್ರ ಕೆರಳಿದ್ದರೆ ಇನ್ನೂ ಹೆಚ್ಚು. ತಲುಪಿದ ಮೇಲೂ ಹಡಗು ದಡಕ್ಕೆ ಬರುವಂತಿಲ್ಲ, ಬಂದರೇ ಇಲ್ಲ. ಹವಳದ ದಂಡೆಯ ಆಚೆ ನಿಂತಿರುತ್ತದೆ. ಅಕ್ಕಿ ಮೂಟೆ, ಪೆಟ್ರೋಲ್ ಪೀಪಾಯಿ, ಬಸುರಿ ಹೆಂಗಸು, ಎಲ್ಲರನ್ನೂ ಎಲ್ಲವನ್ನೂ ಏಳುಬೀಳುವ ಅಲೆಗಳ ಮೇಲೆ ಸಣ್ಣ ದೋಣಿಗೆ ಇಳಿಸಿ, ದಂಡೆಯ ನಡುವಿನ ಕಿರಿದಾದ ಸೀಳಿನೊಳಗಿಂದ ದಡಕ್ಕೆ ತರಬೇಕು. ನೀವು ನರ್ಸ್. ಅಪಾಯದಲ್ಲಿರುವ ಒಬ್ಬ ಬಾಣಂತಿಯನ್ನು ಆ ದಾರಿಯಲ್ಲಿ ಸಾಗಿಸುವುದನ್ನು ನೆನೆಸಿಕೊಂಡರೆ ನಿಮಗೇ ತಿಳಿದೀತು.

ಮೊದಲ ಮತದಾನಕ್ಕೆ ಒಂದು ವರ್ಷ ಮುಂಚೆ, 2005ರಲ್ಲಿ, ಪರ್ಸಿ ಚಂಡಮಾರುತ ದ್ವೀಪಗಳನ್ನು ಬಡಿಯಿತು. ನೆಲ ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರ. ಇದಕ್ಕೂ ಹಿಂದಿನ ಗಾಯವೊಂದಿದೆ. 1863ರಲ್ಲಿ ಪೆರುವಿನ ಗುಲಾಮ ಹಡಗುಗಳು ಬಂದು ಗಟ್ಟಿಮುಟ್ಟಾದ ಗಂಡಸರಲ್ಲಿ ಬಹುಪಾಲನ್ನು ಹೊತ್ತೊಯ್ದವು, ಮರಳಿ ಬಂದವರು ಬೆರಳೆಣಿಕೆಯಷ್ಟು. ಕಾಯುವವರಿಲ್ಲದ ದ್ವೀಪಕ್ಕೆ ಏನಾಗುತ್ತದೆ ಎಂಬುದು ಅಲ್ಲಿ ಮನೆಮನೆಯ ನೆನಪು.

ಟೊಕೆಲಾವಿನವರು 1948ರ ಕಾಯ್ದೆಯ ಮೂಲಕ ನ್ಯೂಜಿಲೆಂಡಿನ ಪ್ರಜೆಗಳಾದರು. ಅಜ್ಜಿ ಬಂದಿರಬಹುದಾದ ಪುನರ್ವಸತಿ ಯೋಜನೆ 1960ರ ದಶಕದ್ದು. ಇಂದು ದ್ವೀಪದಲ್ಲಿರುವವರಿಗಿಂತ ಹಲವು ಪಟ್ಟು ಜನ ನ್ಯೂಜಿಲೆಂಡಿನಲ್ಲಿದ್ದಾರೆ. ಮುಕ್ತ ಸಹಯೋಗದ ಒಪ್ಪಂದದ ಕರಡಿನಲ್ಲಿ ಪೌರತ್ವವೂ ನೆರವೂ ಮುಂದುವರಿಯುತ್ತವೆ ಎಂದೇ ಬರೆದಿತ್ತು. ಕಾನೂನು ಬಲ್ಲವನಾಗಿ ಆ ಬರಹದ ಮೇಲೆ ನನಗೆ ನಂಬಿಕೆಯಿದೆ. ಆದರೆ ಕಾಗದದ ಮೇಲಿರುವುದು ಇಪ್ಪತ್ತು ವರ್ಷಗಳ ಮೇಲೂ ಉಳಿಯುತ್ತದೆಯೇ ಎಂದು ಮೊಮ್ಮಕ್ಕಳ ಪಾಸ್‌ಪೋರ್ಟ್ ಹಿಡಿದು ಕುಳಿತವರು ಅಂಜಿದರೆ, ಅದು ಹೇಡಿತನವಲ್ಲ. ಮತ್ತೊಂದು ನೋವೂ ಇದೆ: ದ್ವೀಪದಲ್ಲಿ ವಾಸವಿಲ್ಲದವರಿಗೆ ಆ ಮತದಾನದಲ್ಲಿ ಮತವೇ ಇರಲಿಲ್ಲ. ನ್ಯೂಜಿಲೆಂಡಿನಲ್ಲಿದ್ದ ಅನೇಕರು ಆಗ ಇದನ್ನು ಬಹಿರಂಗವಾಗಿ ಆಕ್ಷೇಪಿಸಿದ್ದರು.

ಪ್ರಶ್ನೆ (ಧಾರವಾಡದ ವಿದ್ಯಾರ್ಥಿ):

ಅದು ನ್ಯಾಯವೇ ಸರ್? ಊರಿನವರು ಎಂದರೆ ಯಾರು, ಊರಲ್ಲಿರುವವರೋ ಊರಿನಿಂದ ಬಂದವರೋ?

ಉತ್ತರ:

ಈ ಪ್ರಶ್ನೆಯ ಮುಂದೆ ನಾನೂ ಬಹಳ ಹೊತ್ತು ನಿಲ್ಲುತ್ತೇನೆ. ಕೇವಲ ದ್ವೀಪದವರಿಗೆ ಮತ ಕೊಟ್ಟರೆ, ಊರಿಗೆ ಹಣ ಕಳಿಸುವ, ಭಾಷೆಯನ್ನು ಮಕ್ಕಳಿಗೆ ಕಲಿಸುವ ಸಾವಿರಾರು ಜನ ಹೊರಗುಳಿಯುತ್ತಾರೆ. ಎಲ್ಲರಿಗೂ ಕೊಟ್ಟರೆ, ಚಂಡಮಾರುತವನ್ನು ಎದುರಿಸುವವರ ಭವಿಷ್ಯವನ್ನು ಪೊರಿರುವಾದ ಬೆಚ್ಚನೆಯ ಮನೆಯಲ್ಲಿ ಕುಳಿತವರು ಸಂಖ್ಯಾಬಲದಿಂದ ತೀರ್ಮಾನಿಸುತ್ತಾರೆ. ಫಲವನ್ನು ದಿನನಿತ್ಯ ಅನುಭವಿಸುವವರದ್ದೇ ಕೊನೆಯ ಮಾತಾಗಬೇಕು ಎಂಬುದು ನನ್ನ ನಿಲುವು. ಆದರೆ ಹೊರಗಿನವರನ್ನು ಕೂರಿಸಿ ಅವರ ಮಾತನ್ನು ಕೇಳದೆ ಮತಪೆಟ್ಟಿಗೆ ಇಡುವುದೂ ಸಲ್ಲದು.

ಫ್ರೆಂಚರ ಆಡಳಿತದ ನ್ಯೂ ಕ್ಯಾಲೆಡೋನಿಯಾವನ್ನು ನೋಡು, ಅಲ್ಲಿ ಮತದಾರ ಯಾರು ಎಂಬ ಇದೇ ವಿವಾದ 2024ರಲ್ಲಿ ಬೀದಿಯಲ್ಲಿ ರಕ್ತ ಹರಿಸಿತು. ಟೊಕೆಲಾವಿನಲ್ಲಿ ಒಬ್ಬರೂ ಇನ್ನೊಬ್ಬರ ಮೇಲೆ ಕೈ ಎತ್ತಲಿಲ್ಲ. ಮತಪೆಟ್ಟಿಗೆ ದ್ವೀಪದಿಂದ ದ್ವೀಪಕ್ಕೆ ಪ್ರಯಾಣ ಮಾಡಿತು. ವಿಶ್ವಸಂಸ್ಥೆಯ ವೀಕ್ಷಕರು ಜೊತೆಗಿದ್ದರು. ಫಲಿತಾಂಶ ಬಂದ ಮೇಲೆ ಗೆದ್ದವರಿಲ್ಲ, ಸೋತವರಿಲ್ಲ. 2008ರಲ್ಲಿ ಎರಡೂ ಸರ್ಕಾರಗಳು ಮತದಾನದ ಮಾತನ್ನು ಸದ್ಯಕ್ಕೆ ಬದಿಗಿಟ್ಟು, ಶಾಲೆ, ಆಸ್ಪತ್ರೆ, ಹಡಗು ಸರಿಪಡಿಸೋಣ ಎಂದವು. 2012ರಲ್ಲಿ ಮೂರೂ ದ್ವೀಪಗಳಿಗೆ ಸೌರ ವಿದ್ಯುತ್ ಬಂತು, ಡೀಸೆಲ್ ಜನರೇಟರಿನ ಸದ್ದು ಬಹುಮಟ್ಟಿಗೆ ನಿಂತಿತು.

ಪ್ರಶ್ನೆ (ಮೈಸೂರಿನ ಸದಸ್ಯೆ):

ಹಾಗಾದರೆ ಈಗ ಅವರ ಸ್ಥಾನಮಾನ ಏನು? ಇನ್ನೂ ವಸಾಹತುವೇ?

ಉತ್ತರ:

ವಿಶ್ವಸಂಸ್ಥೆಯ ಲೆಕ್ಕದಲ್ಲಿ ಹೌದು. ಸ್ವಯಮಾಡಳಿತವಿಲ್ಲದ 17 ಪ್ರದೇಶಗಳ ಪಟ್ಟಿಯಲ್ಲಿ ಟೊಕೆಲಾವ್ 1946ರಿಂದ ಇದೆ. ಆದರೆ 1996ರಿಂದ ಕಾನೂನು ಮಾಡುವ ಅಧಿಕಾರ ಫೋನೊಗೆ ಇದೆ. 2004ರಲ್ಲಿ ಆಡಳಿತದ ಅಧಿಕಾರ ನೇರವಾಗಿ ಮೂರು ಹಳ್ಳಿಗಳ ಹಿರಿಯರ ಸಭೆಗಳಿಗೆ ಹೋಯಿತು. ಪಟ್ಟಿಯಿಂದ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಅವರು ಸ್ವತಂತ್ರರಾಗುವುದಿಲ್ಲ, ಹೆಸರು ಇದ್ದ ಮಾತ್ರಕ್ಕೆ ಅಧೀನರೂ ಅಲ್ಲ. ನ್ಯೂಜಿಲೆಂಡಿನೊಡನೆ ಮುಕ್ತ ಸಹಯೋಗದಲ್ಲಿರುವ ಕುಕ್ ದ್ವೀಪಗಳು (1965) ಮತ್ತು ನಿಯುವೆ (1974) ಅದೇ ಪಟ್ಟಿಯಿಂದ ಹೊರಬಂದ ನೆರೆಯವರು. ನಿಯುವೆಯಲ್ಲಿಯೂ ಇರುವುದು ಎರಡು ಸಾವಿರಕ್ಕಿಂತ ಕಡಿಮೆ ಜನ.

ಪ್ರಶ್ನೆ (ಮೊದಲು ಕೇಳಿದ ಸದಸ್ಯೆ):

ಕೊನೆಯದಾಗಿ ಸರ್, ಮತ್ತೊಮ್ಮೆ ಮತದಾನವಾದರೆ ಈ ಹುಡುಗ ಮತ ಹಾಕಬಹುದೇ? ಅವನೇ ಕೇಳಿಸಿದ ಪ್ರಶ್ನೆ ಇದು.

ಉತ್ತರ:

ಹಿಂದಿನ ನಿಯಮದ ಪ್ರಕಾರವಾದರೆ ಪೊರಿರುವಾದಲ್ಲಿ ಕುಳಿತು ಹಾಕುವಂತಿಲ್ಲ. ಮುಂದಿನ ನಿಯಮವನ್ನು ಮಾಡಬೇಕಾದವರು ಫೋನೊದವರು. ಅವನು ತನ್ನ ಅಜ್ಜಿಯ ಹಳ್ಳಿಯ ತೌಪುಲೆಂಗಾಗೆ ಈಗಲೇ ಒಂದು ಪತ್ರ ಬರೆಯಲಿ, ಟೊಕೆಲಾವ್ ಭಾಷೆಯಲ್ಲೇ ಬರೆಯಲಿ. ಬರೆಯಲು ಬಾರದಿದ್ದರೆ ಅಜ್ಜಿಯ ಹತ್ತಿರ ಕುಳಿತು, ಅವರು ಹೇಳಿದಂತೆ ಬರೆಯಲಿ. ಅಜ್ಜಿ ಒಪ್ಪದ ಸಾಲು ಅದರಲ್ಲಿ ಬಂದರೂ ಬರಲಿ.