ಬಾಕಿ ಮಗನ ಹೆಸರಿಗೆ

ನಮ್ಮ ಮನೆ ವಾಟ್ಸಾಪ್ ಗುಂಪಿನ ಹೆಸರು 'ವಾಡೇದ ಮಂದಿ'. ವಾಡೆ ಅಂದರೆ ಊರಿನಲ್ಲಿರುವ ನಮ್ಮ ಹಳೆಯ ದೊಡ್ಡ ಮನೆ. ಒಂದು ಶನಿವಾರ ಶುರುವಾಗಿ ಭಾನುವಾರ ರಾತ್ರಿವರೆಗೆ ಅಲ್ಲಿ ನಡೆದ ಜಗಳ ಇದು. ಮನೆಯವರನ್ನು ಕೇಳಿಯೇ ಹಾಕುತ್ತಿದ್ದೇನೆ. ಹೆಸರುಗಳಿಲ್ಲ. ನನ್ನ ಫೋನಿನಲ್ಲಿ ಯಾರು ಏನಂತ ಸೇವ್ ಆಗಿದ್ದಾರೋ ಹಾಗೇ ಬಿಟ್ಟಿದ್ದೇನೆ. ಶುಭೋದಯದ ಹೂವುಗಳು, ಒಂದು ಸೀಮಂತದ ಕಾರ್ಡು, ತೊಗರಿ ರೇಟಿನ ಚರ್ಚೆ ಕತ್ತರಿಸಿದ್ದೇನೆ. "ಹಾಕು, ಆದರೆ ನನ್ನ ಮಾತು ಒಂದೂ ಬಿಡಬೇಡ" ಅಂದರು ಕಾಕಾ. ಬಿಟ್ಟಿಲ್ಲ.

ತಮ್ಮ (ಪುಣೆ): [ಫಾರ್ವರ್ಡ್ ಆದ ವಿಡಿಯೊ]
ಎಲ್ಲರೂ ನೋಡ್ರಿ. 2023ರ ಆಗಸ್ಟ್‌ದು. ಇಂಗ್ಲೆಂಡಿನ ಗ್ಲ್ಯಾಡ್‌ಸ್ಟನ್ ಮನೆತನ. ಅವರ ಹಿರಿಯ ಜಾನ್ ಗ್ಲ್ಯಾಡ್‌ಸ್ಟನ್‌ಗೆ ಗಯಾನಾ, ಜಮೈಕಾದಲ್ಲಿ ಕಬ್ಬಿನ ತೋಟಗಳಿದ್ದವು. ಎರಡೂವರೆ ಸಾವಿರ ಗುಲಾಮರಿದ್ದರು. ಈಗಿನ ಪೀಳಿಗೆಯವರು ಗಯಾನಾಕ್ಕೇ ಹೋಗಿ ಕ್ಷಮೆ ಕೇಳಿದ್ದಾರೆ.

ಕಾಕಾ (ಸೇಡಂ): ತಿಂದವರು ಒಬ್ಬರು, ಬಾಯಿ ಒರೆಸಿಕೊಳ್ಳುವವರು ಇನ್ನೊಬ್ಬರಾ? ಇನ್ನೂರು ವರ್ಷದ ಹಿಂದಿನ ಮಾತಿಗೆ ಇವರು ಯಾಕೆ ತಲೆ ತಗ್ಗಿಸಬೇಕು? ಬರೀ ನಾಟಕ.

ತಮ್ಮ (ಪುಣೆ): ಇನ್ನೂರು ವರ್ಷ ಅಂತೀರಿ ಕಾಕಾ. ಗುಲಾಮಗಿರಿ ತೆಗೆದಾಗ ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಗುಲಾಮರಿಗಲ್ಲ, ಮಾಲೀಕರಿಗೆ! ಅದಕ್ಕೆ ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ನಾನು ಆಗ ಡಿಗ್ರಿ ಓದುತ್ತಿದ್ದೆ.

ಕಾಕಾ (ಸೇಡಂ): ಅದು ಬಿಳಿಯರ ಪಾಪ. ಅವರೇ ತೊಳೆದುಕೊಳ್ಳಲಿ. ನಮ್ಮ ಕಡೆ ಗುಲಾಮಗಿರಿ ಎಲ್ಲಿತ್ತು?

ಅಕ್ಕ (ಬೀದರ್): ಕಾಕಾ, ಬೀದರ್‌ಗೆ ಬಂದಾಗ ಹಬ್ಶಿ ಕೋಟ್ ತೋರಿಸಿದ್ದೆ ನೆನಪಿದೆಯಾ? ಊರ ಹೊರಗಿನ ಗುಡ್ಡ, ಸಮಾಧಿಗಳು. ಆಫ್ರಿಕಾದಿಂದ ಬಂದ ಹಬ್ಶಿಗಳವು. ಬಹಮನಿ ಕಾಲದಲ್ಲಿ ಅವರಲ್ಲಿ ಎಷ್ಟೋ ಮಂದಿಯನ್ನು ಸಂತೆಯಲ್ಲಿ ಕೊಂಡು ತಂದಿದ್ದರು.

ಕಾಕಾ (ಸೇಡಂ): ಅದನ್ನೇ ನಾನೂ ಹೇಳೋದು. ಇಲ್ಲಿ ಗುಲಾಮನಾಗಿ ಬಂದವನು ಸರದಾರನಾದ. ಮಲಿಕ್ ಅಂಬರ್ ಏನು? ನಾಲ್ಕು ಕಡೆ ಮಾರಿಸಿಕೊಂಡು ಬಂದವನು ಅಹ್ಮದನಗರದ ರಾಜ್ಯಭಾರ ನಡೆಸಿದ, ಜಹಾಂಗೀರನಿಗೇ ನಿದ್ದೆ ಕೆಡಿಸಿದ. ಅಮೆರಿಕದಲ್ಲಿ ಒಬ್ಬ ಗುಲಾಮ ಹಾಗಾದನಾ ತೋರಿಸು.

ಅಕ್ಕ (ಬೀದರ್): ಒಬ್ಬ ಅಂಬರ್ ಆದ. ಆಗದೆ ಹೋದವರ ಹೆಸರು ಹೇಳ್ರಿ.

ಕಾಕಾ (ಸೇಡಂ): ನೀನು ಟೀಚರು, ನಿನ್ನ ಜೊತೆ ವಾದ ಯಾರು ಮಾಡ್ತಾರೆ. ಉಂಡು ಬರ್ತೀನಿ.

ಇಲ್ಲಿಗೆ ಮುಗಿಯಬಹುದಿತ್ತು. ಕೆಡಿಸಿದವನು ನಾನೇ. ವಾಡೆ ಮಾರುವ ಮಾತುಕತೆ ನಡೆದಿತ್ತು. ಸಾಮಾನು ತೆಗೆಯಲು ಆ ವಾರ ಕಲಬುರಗಿಯಿಂದ ಊರಿಗೆ ಹೋಗಿದ್ದೆ. ಅಟ್ಟದ ಸಂದೂಕಿನಲ್ಲಿ ಕೆಂಪು ಬಟ್ಟೆ ಸುತ್ತಿದ, ಮುತ್ಯಾನ (ನಮ್ಮ ಅಜ್ಜ, ಕಾಕಾನ ಅಪ್ಪ) ಉದ್ದನೆಯ ಲೆಕ್ಕದ ಪುಸ್ತಕ ಸಿಕ್ಕಿತ್ತು. ಹಳೆಯ ಪುಟಗಳಲ್ಲಿ ವರ್ಷ ನಿಜಾಮರ ಕಾಲದ ಫಸಲಿ ಲೆಕ್ಕದಲ್ಲಿ, ದುಡ್ಡು ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದಲ್ಲಿ ಇತ್ತು. ಮೂರು ದಿನ ಯಾರಿಗೂ ಹೇಳಿರಲಿಲ್ಲ.

ನಾನು: [ಫೋಟೊ] [ಫೋಟೊ] [ಫೋಟೊ]
ಮುತ್ಯಾನ ಅಕ್ಷರ. ಆಳಿನ ಹೆಸರು ನಾನೇ ಮುಚ್ಚಿದ್ದೇನೆ. ಮಸಿ ಮಾಸಿದೆ, ಓದಿ ಬರೆಯುತ್ತೇನೆ:
"ಫಸಲಿ 1352. ಮದುವೆ ಸಲುವಾಗಿ ಹಾಲಿ ಸಿಕ್ಕಾ 60 ರೂಪಾಯಿ ಕೊಟ್ಟಿದೆ. ಯುಗಾದಿಯಿಂದ ಮನೆಯಲ್ಲಿ ಇರತಕ್ಕದ್ದು. ವರ್ಷಕ್ಕೆ ಒಂದು ಧೋತರ, ಒಂದು ಕಂಬಳಿ, ಒಂದು ಜೊತೆ ಕೆರ."
ಆಮೇಲಿನ ಪುಟ: "ಜ್ವರ ಎಂದು ನಾಲ್ಕು ದಿನ ಬರಲಿಲ್ಲ. ಖಾತೆಗೆ ಹಚ್ಚಿದೆ."
ಒಂಬತ್ತು ವರ್ಷ ಬಿಟ್ಟು, ಫಸಲಿ 1361, ಅಂದರೆ 1951-52: "ತೀರಿಕೊಂಡ. ಬಾಕಿ 140. ಮಗನ ಹೆಸರಿಗೆ ಹಚ್ಚಿದೆ."

ಐದು ನಿಮಿಷ ಯಾರೂ ಬರೆಯಲಿಲ್ಲ. 31 ಜನರ ಗುಂಪಿನಲ್ಲಿ ಐದು ನಿಮಿಷ ಅಂದರೆ ಜಾಸ್ತಿನೇ.

ತಮ್ಮ (ಪುಣೆ): 60 ಇದ್ದದ್ದು ಒಂಬತ್ತು ವರ್ಷ ದುಡಿದ ಮೇಲೆ 140 ಹೇಗಾಯಿತು?

ಅಕ್ಕ (ಬೀದರ್): ಜ್ವರ ಬಂದದ್ದಕ್ಕೆ.

ಕಾಕಾ (ಸೇಡಂ): ಈ ಸಂದೇಶವನ್ನು ಅಳಿಸಲಾಗಿದೆ

ಕಾಕಾ (ಸೇಡಂ): ಮನೆ ಪುಸ್ತಕ ಹೀಗೆ ಎಲ್ಲರಿಗೂ ತೋರಿಸೋದು ಯಾವ ಸಂಸ್ಕಾರ? ಮೊಮ್ಮಕ್ಕಳು ಇದ್ದಾರೆ ಗುಂಪಿನಲ್ಲಿ. ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಜೀತ ಇತ್ತು. ನಿಮ್ಮ ಮುತ್ಯಾ ಯಾರಿಗೂ ಕೈ ಎತ್ತಿದವರಲ್ಲ. ರಜಾಕಾರರ ಗಲಾಟೆಯಲ್ಲಿ ಮನೆಮಂದಿ ಸೋಲಾಪುರಕ್ಕೆ ಓಡಿದಾಗ ವಾಡೆ ಕಾದವನು ಇದೇ ಆಳು. ಹೊಡೆದು ಬಡಿದು ಇಟ್ಟಿದ್ದರೆ ಕಾಯುತ್ತಿದ್ದನಾ? ಅವನು ನಮ್ಮ ಮನೆಯವನೇ ಆಗಿದ್ದ.

ಅಕ್ಕ (ಬೀದರ್): ಮನೆಯವನಾಗಿದ್ದರೆ ಅವನನ್ನೂ ಸೋಲಾಪುರಕ್ಕೆ ಕರೆದುಕೊಂಡು ಹೋಗುತ್ತಿದ್ದರು, ಅಲ್ವಾ ಕಾಕಾ?

ಕಾಕಾ (ಸೇಡಂ): ನೀವೆಲ್ಲ ಕಾರಿನಲ್ಲಿ ಬಂದು ಹೋಗುವವರು. ನಾನು ಈ ಹೊಲದಲ್ಲಿ ನಲವತ್ತು ವರ್ಷ ಬಿಸಿಲು ತಿಂದಿದ್ದೇನೆ. ಎಪ್ಪತ್ತೆರಡರ ಬರದಲ್ಲಿ ನಮ್ಮ ಮನೆಯಲ್ಲೂ ಗಂಜಿ ಕುಡಿದೆವು. ನನಗೆ ಯಾವ ಪಾಪವೂ ಅನಿಸುವುದಿಲ್ಲ. ನಾನು ಯಾರನ್ನೂ ಜೀತಕ್ಕೆ ಇಟ್ಟಿಲ್ಲ. ಮಾಡದ ತಪ್ಪಿಗೆ ನಾಚಿಕೆ ಪಡು ಅಂದರೆ ಹೇಗೆ ಪಡೋದು? ಹೊಟ್ಟೆಯಲ್ಲಿ ಇಲ್ಲದ್ದನ್ನು ವಾಂತಿ ಮಾಡು ಅಂದ ಹಾಗೆ.

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಕಾಕಾ ಹೇಳಿದ್ದು ಸುಳ್ಳು ಅನಿಸುವುದಿಲ್ಲ. ಪಾಪ ಅನಿಸು ಅಂತ ಹೇಳಿದರೆ ಯಾರಿಗೂ ಅನಿಸುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಭಾವ ಬಂದರು. ವಕೀಲರು. ಹಗಲೆಲ್ಲ ಓದುತ್ತಾರೆ, ರಾತ್ರಿ ಬರೆಯುತ್ತಾರೆ.

ಭಾವ (ಯಾದಗಿರಿ): ಮಾವನವರೇ, ನಾನು ಈ ಮನೆ ಅಳಿಯ, ಜಾಸ್ತಿ ಮಾತಾಡಬಾರದು. ಆದರೂ ಒಂದು. ಅಪ್ಪನ ತಪ್ಪು ಮಗನಿಗೆ ಹತ್ತುವುದಿಲ್ಲ ಅನ್ನೋದು ಸರಿ. ಆದರೆ ಪುಸ್ತಕದಲ್ಲಿ ಮುತ್ಯಾ ಏನು ಬರೆದಿದ್ದಾರೆ? 'ಬಾಕಿ ಮಗನ ಹೆಸರಿಗೆ.' ಅಪ್ಪ ತೆಗೆದುಕೊಂಡದ್ದು ಮಗನಿಗೆ ಹತ್ತುತ್ತದೆ ಅಂತ ಆಗ ನಾವೇ ನಂಬಿದ್ದೆವು. ಆ ಹುಡುಗನನ್ನು ದುಡಿಸಿದೆವು. ಈಗ ನಮ್ಮ ಸರದಿ ಬಂದಾಗ ಲೆಕ್ಕದ ಪದ್ಧತಿ ಬದಲಾಯಿತಾ?

ಭಾವ (ಯಾದಗಿರಿ): ಜೀತ ಪದ್ಧತಿ ರದ್ದು ಕಾಯ್ದೆ 1976ರದ್ದು. ಅದರಲ್ಲಿ ಇದನ್ನೇ ಬಿಡಿಸಿ ಬರೆದಿದ್ದಾರೆ. ತಾನು ಮಾಡಿದ ಸಾಲಕ್ಕಷ್ಟೇ ಅಲ್ಲ, ಹಿರಿಯರಿಂದ ಇಳಿದು ಬಂದ ಸಾಲಕ್ಕೆ ದುಡಿದರೂ ಅದು ಜೀತವೇ. ಮೊದಲು ಸುಗ್ರೀವಾಜ್ಞೆಯಾಗಿ ಬಂದಿತ್ತು, ಹಾಗಾಗಿ ಕಾಯ್ದೆ ಜಾರಿಯಾದದ್ದು 1975ರ ಅಕ್ಟೋಬರ್ 25ರಿಂದ. ಅಂದಿನಿಂದ ಇಂಥ ಬಾಕಿ ಎಲ್ಲ ಸೊನ್ನೆ. ಪುಸ್ತಕದ ಕೊನೆಯ ಬರಹ ಯಾವ ವರ್ಷದ್ದು?

ನಾನು: 1976ರ ಯುಗಾದಿ. "ಬಾಕಿ 410. ಮುಂದುವರಿಸಿದೆ."

ಭಾವ (ಯಾದಗಿರಿ): ಕಾಯ್ದೆ ಬಂದು ಐದು ತಿಂಗಳಾಗಿತ್ತು.

ತಮ್ಮ (ಪುಣೆ): ಇದು ಇನ್ನೂರು ವರ್ಷದ ಹಿಂದಿನದಲ್ಲ. ಕಾಕಾ ಆಗ ಕಾಲೇಜಿನಲ್ಲಿ ಇದ್ದರು.

ಕಾಕಾ (ಸೇಡಂ): ಹೌದು ಇದ್ದೆ. ಏನು ಮಾಡಬೇಕಿತ್ತು, ಅಪ್ಪನ ಮೇಲೆ ಕೇಸ್ ಹಾಕಬೇಕಿತ್ತಾ? ನಿನ್ನ ಪುಣೆ ಫ್ಲ್ಯಾಟಿಗೆ ಮುಂಗಡ ಎಲ್ಲಿಂದ ಬಂತು? ಹಳ್ಳದ ಹೊಲ ಮಾರಿದ್ದರಿಂದ. ನಿನಗೆ ಅಷ್ಟು ಪಾಪ ಕಾಡಿದರೆ ಫ್ಲ್ಯಾಟ್ ಮಾರಿ ಕೊಡು. ವಿಡಿಯೊ ಫಾರ್ವರ್ಡ್ ಮಾಡೋದಕ್ಕೆ ಏನು ಖರ್ಚು?

ತಮ್ಮ ಆ ರಾತ್ರಿ ಮತ್ತೆ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ನನ್ನ ಇಂಜಿನಿಯರಿಂಗ್ ಫೀಸು ಅದೇ ಹಳ್ಳದ ಹೊಲದ ತೊಗರಿಯಿಂದ ಬಂದಿತ್ತು. ಕಾಕಾ ಅದನ್ನು ಎತ್ತಲಿಲ್ಲ. ಅವರ ದೊಡ್ಡತನ.

ಭಾನುವಾರ ಬೆಳಿಗ್ಗೆ.

ಅಕ್ಕ (ಬೀದರ್): ನಿನ್ನೆ ಆ ಜಾನ್ ಗ್ಲ್ಯಾಡ್‌ಸ್ಟನ್ ಬಗ್ಗೆ ಓದುತ್ತಾ ಕೂತೆ. ಗುಲಾಮರು ಕೈಬಿಟ್ಟು ಹೋಗುತ್ತಾರೆ ಅಂತ ಗೊತ್ತಾದಾಗ ಏನು ಮಾಡಿದ ಗೊತ್ತಾ? ಕಲ್ಕತ್ತೆಯ ಕಂಪನಿಗೆ ಪತ್ರ ಬರೆದ, ಕೂಲಿಗಳನ್ನು ಕಳಿಸಿ ಅಂತ. 1838ರಲ್ಲಿ ವಿಟ್ಬಿ, ಹೆಸ್ಪರಸ್ ಅನ್ನುವ ಎರಡು ಹಡಗಿನಲ್ಲಿ ನಮ್ಮ ದೇಶದವರು ಗಯಾನಾಕ್ಕೆ ಹೋದರು. ಐದು ವರ್ಷದ ಕರಾರು. ಕರಾರಿನ ಕಾಗದ ಅಂದಾಗ ನನಗೆ ಮುತ್ಯಾನ ಪುಸ್ತಕ ನೆನಪಾಯಿತು.

ಕಾಕಾ (ಸೇಡಂ): ಕ್ಷಮೆ ಕೇಳಿದರಲ್ಲ, ಕೊಟ್ಟದ್ದೇನು?

ಅಕ್ಕ (ಬೀದರ್): ಅದು ಸರಿಯಾದ ಪ್ರಶ್ನೆ. ಅದೇ 2023ರಲ್ಲಿ ಟ್ರೆವಿಲಿಯನ್ ಅನ್ನುವ ಇನ್ನೊಂದು ಮನೆತನ ಗ್ರೆನಡಾದಲ್ಲಿ ಕ್ಷಮೆ ಕೇಳಿ 1 ಲಕ್ಷ ಪೌಂಡ್ ಕೊಡುತ್ತೇವೆ ಅಂದಿತು. ಅವರ ಹಿರಿಯರಿಗೆ ಸಿಕ್ಕ ಪರಿಹಾರ ಆ ಕಾಲದ್ದೇ ಸುಮಾರು 27 ಸಾವಿರ ಪೌಂಡ್. ಕಡಿಮೆಯಾಯಿತು ಅಂತ ಬೈದವರೂ ಇದ್ದಾರೆ.

ಕಾಕಾ (ಸೇಡಂ): ನೋಡು. ಕೊಟ್ಟರೂ ಬೈಗುಳ. ಅದಕ್ಕೇ ಸುಮ್ನೆ ಇರಬೇಕು. ನಮ್ಮದು ಕಲ್ಯಾಣದ ನೆಲ. ಕಾಯಕ, ದಾಸೋಹ ಮಾಡಿಕೊಂಡು ಬಂದ ಮನೆ ಇದು. ಪ್ರತಿ ವರ್ಷ ಜಾತ್ರೆಯಲ್ಲಿ ಅನ್ನ ಹಾಕುತ್ತೇವೆ. ಅದು ಸಾಲದಾ?

ಭಾವ (ಯಾದಗಿರಿ): ಅನ್ನ ಹಾಕೋದು ಪುಣ್ಯದ ಖಾತೆ ಮಾವನವರೇ. ನಾನು ಕೇಳುತ್ತಿರುವುದು ಬಾಕಿ ಖಾತೆ. ಹಿತ್ತಲಿನ ಗುಡಿಸಲಲ್ಲಿ ಯಾರಿದ್ದಾರೆ?

ಎಲ್ಲರಿಗೂ ಗೊತ್ತಿದ್ದು ಯಾರೂ ಬರೆಯದ ಮಾತು ಇದು. ಪುಸ್ತಕದಲ್ಲಿ 'ಮಗ' ಅಂತ ಇದ್ದವನು ತೀರಿಕೊಂಡು ಬಹಳ ವರ್ಷವಾಯಿತು. ಅವನ ಹೆಂಡತಿ, ಈಗ ಹಣ್ಣು ಮುದುಕಿ, ವಾಡೆಯ ಹಿತ್ತಲಲ್ಲೇ ಇದ್ದಾಳೆ. ಮಗ, ಸೊಸೆ ಮುಂಬೈಯಲ್ಲಿ ಕಟ್ಟಡ ಕೆಲಸಕ್ಕೆ. ವಾಡೆ ಕೊಳ್ಳುವವರು ಹಿತ್ತಲು ಖಾಲಿ ಮಾಡಿಸಿ ಕೊಡಿ ಅಂದಿದ್ದರು. ಕಾಕಾ ಆಗಲೇ ಮುಂಗಡ ತೆಗೆದುಕೊಂಡಿದ್ದರು.

ಕಾಕಾ (ಸೇಡಂ): ಮುದುಕಿಗೆ 50 ಸಾವಿರ ಕೊಟ್ಟು ಕಳಿಸೋಣ ಅಂತ ನಾನೇ ಹೇಳಿದ್ದೇನೆ. ಬೀದಿಗೆ ಹಾಕುತ್ತಿಲ್ಲ.

ಭಾವ (ಯಾದಗಿರಿ): ಜೀತದ ಭಾಗವಾಗಿ ಕೊಟ್ಟ ಮನೆಯಿಂದ ಜೀತದಾಳನ್ನು ಎಬ್ಬಿಸುವಂತಿಲ್ಲ. ಅದೇ ಕಾಯ್ದೆಯಲ್ಲಿ ಇದೆ.

ಕಾಕಾ (ಸೇಡಂ): ಹಕ್ಕುಪತ್ರ ಕೊಡೋದು ಸರ್ಕಾರದ ಕೆಲಸ. 2023ರ ಜನವರಿಯಲ್ಲಿ ಇಲ್ಲೇ ಮಳಖೇಡದಲ್ಲಿ ಪ್ರಧಾನಿ ಬಂದು ಸಾವಿರಾರು ತಾಂಡಾ ಮಂದಿಗೆ ಕೊಡಲಿಲ್ಲವಾ? ಇವಳಿಗೂ ಸರ್ಕಾರ ಕೊಡಲಿ. ನಮ್ಮ ಜಾಗವೇ ಆಗಬೇಕಾ?

ಅತ್ತಿ (ಹುಮನಾಬಾದ್): [ಧ್ವನಿ ಸಂದೇಶ, 3 ನಿಮಿಷ 12 ಸೆಕೆಂಡ್]

ಅತ್ತಿ ಕಾಕಾನ ಅಕ್ಕ, ನಮ್ಮಲ್ಲಿ ಹಿರಿಯರು. ಬರೆಯುವುದಿಲ್ಲ, ಮಾತಾಡಿ ಕಳಿಸುತ್ತಾರೆ. ಗುಂಪಿನಲ್ಲಿ ಕೇಳಿಸಿಕೊಳ್ಳದವರಿಗಾಗಿ ನಾನು ಆಗ ಬರೆದು ಹಾಕಿದ್ದು ಇಷ್ಟು:

"ನಾನು ಎಂಟು ವರ್ಷದವಳು. ಬೇಸಿಗೆ. ಅವನು ನೀರು ಕೇಳಿದ. ಗೋಡೆಯ ಗೂಡಿನಲ್ಲಿ ಅವನದೊಂದು ಚರಿಗೆ ಇರುತ್ತಿತ್ತು. ಆ ದಿನ ಇರಲಿಲ್ಲ. ನಾನು ಮನೆ ತಂಬಿಗೆಯಿಂದಲೇ ಕೊಡಲು ಹೋದೆ. ಅವನೇ ಹಿಂದೆ ಸರಿದ. ಬೊಗಸೆ ಒಡ್ಡಿದ. ಮೇಲಿಂದ ಸುರಿದೆ. ಅರ್ಧ ನೆಲಕ್ಕೆ ಬಿತ್ತು. ಅಪ್ಪ ಪಡಸಾಲೆಯಲ್ಲಿ ಕೂತು ನೋಡುತ್ತಿದ್ದರು. ಬೈಯಲಿಲ್ಲ ಏನಿಲ್ಲ. ನಕ್ಕರು. ಅಪ್ಪ ಒಳ್ಳೆಯವರು, ತಮ್ಮ, ನಾನೂ ಅದನ್ನೇ ಹೇಳೋದು. ನನಗೆ ಪಾಪ ಗೀಪ ಗೊತ್ತಾಗೋದಿಲ್ಲ. ಆ ನೀರು ನೆಲಕ್ಕೆ ಬಿದ್ದದ್ದು ಮಾತ್ರ ಕಾಣುತ್ತದೆ. ಹಿತ್ತಲಲ್ಲಿ ನನ್ನ ಪಾಲೂ ಇದೆ, ಹೌದಲ್ಲೋ? ಹೆಣ್ಣುಮಕ್ಕಳ ಸಹಿ ಬೇಕು ಅಂತ ಹೋದ ತಿಂಗಳು ಕಾಗದ ಕಳಿಸಿದ್ದಿ. ನಾನು ಸಹಿ ಮಾಡಿಲ್ಲ."

ಕಾಕಾ ಕೇಳಿಸಿಕೊಂಡರು ಅಂತ ತೋರಿಸುತ್ತಿತ್ತು. ಸಂಜೆವರೆಗೆ ಏನೂ ಬರೆಯಲಿಲ್ಲ. ನಡುವೆ ಯಾರೋ ಮಾವಿನ ಉಪ್ಪಿನಕಾಯಿ ಫೋಟೊ ಹಾಕಿದರು. ಎಲ್ಲರೂ ಅದಕ್ಕೆ ಮುಗಿಬಿದ್ದು ಲೈಕ್ ಕೊಟ್ಟರು.

ಕಾಕಾ (ಸೇಡಂ): ನಾಳೆ ಟೇಪು ಹಿಡಿದು ಊರಿಗೆ ಹೋಗುತ್ತೇನೆ. ಗುಡಿಸಲು ಎಷ್ಟಿದೆಯೋ ಅಷ್ಟು ಅಳೆದು ಬಿಡುತ್ತೇನೆ. ಕ್ಷಮೆ ಗಿಮೆ ಏನೂ ಕೇಳುವುದಿಲ್ಲ, ಈಗಲೇ ಹೇಳಿದ್ದೇನೆ. ಮುದುಕಿಗೆ ಕಿವಿ ಕೇಳಿಸೋದಿಲ್ಲ, ಸುಮ್ನೆ ಗಾಬರಿಯಾಗುತ್ತಾಳೆ.

ತಮ್ಮ (ಪುಣೆ): ಕೊಳ್ಳುವವರು ರೇಟು ಇಳಿಸಿದರೆ ಆ ಕಡಿಮೆಯಾದ ದುಡ್ಡು ನನ್ನ ಪಾಲಿನಲ್ಲಿ ಕಳೆಯಿರಿ.

ಕಾಕಾ (ಸೇಡಂ): ಕಳೆಯುತ್ತೇನೆ. ಬಿಡುತ್ತೀನಿ ಅಂದುಕೊಂಡೆಯಾ?

ಅಕ್ಕ (ಬೀದರ್): ಅಂಗಳ ಸೇರಿಸಿ ಅಳೆಯಿರಿ ಕಾಕಾ. ಬೇವಿನ ಗಿಡದವರೆಗೆ.

ಕಾಕಾ (ಸೇಡಂ): ಬೇವಿನ ಗಿಡ ನಮ್ಮ ಅವ್ವ ಹಚ್ಚಿದ್ದು.

ಅತ್ತಿ (ಹುಮನಾಬಾದ್): [ಧ್ವನಿ ಸಂದೇಶ, 4 ಸೆಕೆಂಡ್] "ನೀರು ಹಾಕಿದ್ದು ಅವ್ವ ಅಲ್ಲ."

ಭಾವ (ಯಾದಗಿರಿ): ಅಳೆಯುವ ಮೊದಲು ಒಂದು ಮಾತು. ಬರೆದುಕೊಡಬೇಕು ಅಂದರೆ ಕಾಗದ ಸರಿ ಇರಬೇಕು. ಹಿತ್ತಲು ಪಂಚಾಯಿತಿ ದಾಖಲೆಯಲ್ಲಿ ಈಗ ಯಾರ ಹೆಸರಿನಲ್ಲಿದೆ?

ಕಾಕಾ (ಸೇಡಂ): ವಾರಸಾ ಇನ್ನೂ ಮಾಡಿಸಿಲ್ಲ. ಅಪ್ಪನ ಹೆಸರಿನಲ್ಲೇ ಇದೆ.