ಡಬ್ಬಿಯ ಮೇಲೆ '1943': ಸ್ಟಾಲಿನ್‌ಗ್ರಾಡ್‌ನ ಟಿ-34 ಮಾದರಿಗೆ ಈ ಕಿಟ್ ಹೊಂದುತ್ತದೆಯೇ?

ಮಲೆನಾಡಿಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಎರಡನೆಯ ಮಹಾಯುದ್ಧದ ಸೋವಿಯತ್ ಟ್ಯಾಂಕ್ ಟಿ-34/76ರ, 1/35 ಅಳತೆಯ, ಬಿಡಿ ಭಾಗ ಜೋಡಿಸಿ ಮಾಡುವ ಹಳೆಯ ಪ್ಲಾಸ್ಟಿಕ್ ಕಿಟ್ ಒಂದಿದೆ. ಡಬ್ಬಿಯ ಮೇಲೆ '1943ರ ಮಾದರಿ' ಎಂದು ಮುದ್ರಿತವಾಗಿದೆ. ಟರೆಟ್ (ಫಿರಂಗಿ ಹೊತ್ತು ತಿರುಗುವ ಮೇಲಿನ ಗೋಪುರ) ಆರು ಮೂಲೆಯದು, ಅದರ ನೆತ್ತಿಯಲ್ಲಿ ಎರಡು ದುಂಡನೆಯ ಮುಚ್ಚಳಗಳಿವೆ. ಚಕ್ರಗಳಿಗೆಲ್ಲ ರಬ್ಬರ್ ಅಂಚಿದೆ, ಟ್ರ್ಯಾಕ್ (ಚಕ್ರಗಳನ್ನು ಸುತ್ತುವ ಸರಪಳಿ) ಮೆತ್ತನೆಯ ವಿನೈಲ್ ಪಟ್ಟಿಯದು, ಬದಿಗಳಿಗೆ ಅಂಟಿಸಲು ಉರುಟಾದ ಇಂಧನದ ಡ್ರಮ್‌ಗಳನ್ನೂ ಕೊಟ್ಟಿದ್ದಾರೆ.

1942ರ ಸೆಪ್ಟೆಂಬರಿನಲ್ಲಿ ಸ್ಟಾಲಿನ್‌ಗ್ರಾಡ್ ಟ್ರ್ಯಾಕ್ಟರ್ ಕಾರ್ಖಾನೆಯಿಂದ ಬಣ್ಣವನ್ನೂ ಕಾಣದೆ ನೇರವಾಗಿ ಯುದ್ಧಕ್ಕೆ ಹೊರಟವೆಂದು ಹೇಳಲಾಗುವ ಟ್ಯಾಂಕುಗಳಲ್ಲಿ ಒಂದನ್ನು ಈ ಕಿಟ್‌ನಿಂದ ಮಾಡಬೇಕೆಂದಿದ್ದೇನೆ. ಯಾವ ಭಾಗಗಳನ್ನು ಬದಲಾಯಿಸಬೇಕು, ಬಣ್ಣವಿಲ್ಲದ ಉಕ್ಕನ್ನು ಹೇಗೆ ತೋರಿಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ಇತಿಹಾಸಕ್ಕೆ ಒಪ್ಪುವಂತಿರಬೇಕು ಎಂಬುದಷ್ಟೇ ನನ್ನ ಹಟ, ಸಮಯದ ಅವಸರವಿಲ್ಲ.

ಉಕ್ಕಿನ ಕವಚ:

ನಮಸ್ಕಾರ. ಡಬ್ಬಿಯ ಮೇಲಿನ ಇಸವಿಯನ್ನು ಮೊದಲು ಮರೆತುಬಿಡಿ. '1941ರ ಮಾದರಿ', '1943ರ ಮಾದರಿ' ಎಂಬ ವಿಂಗಡಣೆ ಬಹುಮಟ್ಟಿಗೆ ಹೊರಗಿನವರು ಅನುಕೂಲಕ್ಕಾಗಿ ಮಾಡಿಕೊಂಡದ್ದು. ಟಿ-34ರ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಯಾವ ವರ್ಷದ್ದು ಎಂಬುದಕ್ಕಿಂತ ಯಾವ ಕಾರ್ಖಾನೆಯದು ಎಂಬುದೇ. ಖಾರ್ಕೋವ್‌ನಿಂದ ಯಂತ್ರಗಳ ಸಮೇತ ಉರಾಲ್‌ಗೆ ಸ್ಥಳಾಂತರಗೊಂಡು ನಿಝ್ನಿ ತಗಿಲ್‌ನಲ್ಲಿ ನೆಲೆಯೂರಿದ 183ನೇ ಕಾರ್ಖಾನೆ, ಗೋರ್ಕಿಯ ಕ್ರಾಸ್ನೊಯೆ ಸೊರ್ಮೊವೊ, ಚೆಲ್ಯಾಬಿನ್ಸ್ಕ್, ಸ್ವೆರ್ದ್‌ಲೋವ್ಸ್ಕ್, ಓಮ್ಸ್ಕ್, ಸ್ಟಾಲಿನ್‌ಗ್ರಾಡ್ ಇವೆಲ್ಲವೂ ಒಂದೇ ಟ್ಯಾಂಕನ್ನು ತಯಾರಿಸಿದರೂ, ಕೈಗೆ ಸಿಕ್ಕ ಸಾಮಗ್ರಿ ಮತ್ತು ಯಂತ್ರಗಳಿಗೆ ತಕ್ಕಂತೆ ವಿವರಗಳನ್ನು ತಮ್ಮ ತಮ್ಮ ರೀತಿಯಲ್ಲಿ ಬದಲಾಯಿಸಿಕೊಂಡವು.

ಸ್ಟಾಲಿನ್‌ಗ್ರಾಡ್ ಕಾರ್ಖಾನೆಯು ಆರು ಮೂಲೆಯ ಟರೆಟ್‌ಗೆ ಬದಲಾಗಲೇ ಇಲ್ಲ. ಅಲ್ಲಿನ ಟ್ಯಾಂಕುಗಳಿಗೆ ಕೊನೆಯವರೆಗೂ ಹಳೆಯ ಬಗೆಯ ಇಕ್ಕಟ್ಟಾದ ಟರೆಟ್, ಅದರ ಮೇಲೆ ಒಂದೇ ಒಂದು ದೊಡ್ಡ ಮುಚ್ಚಳ. ಫಿರಂಗಿಯ ಬುಡದ ಕವಚವನ್ನು ಬಾಗಿಸುವ ಬದಲು ಚಪ್ಪಟೆ ಫಲಕಗಳನ್ನು ಬೆಸೆದು ಮಾಡುತ್ತಿದ್ದುದರಿಂದ ಅದರ ತುದಿ ಉಳಿಯಿಂದ ಕತ್ತರಿಸಿದಂತೆ ಕೋನವಾಗಿ ಕಾಣುತ್ತದೆ. ಮುಂಭಾಗದ ಓರೆ ಫಲಕವು ಪಕ್ಕದ ಫಲಕಗಳನ್ನು ಸೇರುವ ಅಂಚಿನಲ್ಲಿ, ಬಡಗಿಗಳು ಪೆಟ್ಟಿಗೆಯ ಮೂಲೆಗೆ ಹಾಕುವ ಕಚ್ಚಿನ ಹಾಗೆ, ಒಂದಕ್ಕೊಂದು ಹಲ್ಲು ಕಚ್ಚಿಸಿದ ಜೋಡಣೆ ಇರುತ್ತದೆ. ರಬ್ಬರಿನ ಅಭಾವದಿಂದಾಗಿ ಚಕ್ರಗಳ ಹೊರ ಅಂಚು ಉಕ್ಕಿನದೇ, ಆಘಾತ ತಡೆಯುವ ಅಲ್ಪಸ್ವಲ್ಪ ರಬ್ಬರ್ ಒಳಗೆ ಗುಂಬದ ಬಳಿ ಇರುತ್ತದೆ. ನಿಮ್ಮ ಬದಿಯ ಡ್ರಮ್‌ಗಳು ಕೂಡ ಆ ಕಾಲಕ್ಕೆ ಸಲ್ಲುವುದಿಲ್ಲ.

ಹಾಗಾಗಿ ನಿಮ್ಮ ಕಿಟ್ಟನ್ನು ಟ್ರ್ಯಾಕ್ಟರ್ ಕಾರ್ಖಾನೆಯ ಟ್ಯಾಂಕಾಗಿಸುವುದೆಂದರೆ ಟರೆಟ್, ಚಕ್ರ, ಒಡಲಿನ ಮುಂಭಾಗ ಎಲ್ಲವನ್ನೂ ಎಸೆದು ಹೊಸದು ಹುಡುಕುವುದು ಎಂದೇ ಅರ್ಥ. ನನ್ನ ಸಲಹೆ ಬೇರೆ. ಸ್ಟಾಲಿನ್‌ಗ್ರಾಡ್ ಕದನವನ್ನು ಬಿಡಬೇಡಿ, ತಿಂಗಳನ್ನು ಬದಲಾಯಿಸಿ. 1942ರ ನವೆಂಬರ್ 19ರಂದು ಆರಂಭವಾದ ಸೋವಿಯತ್ ಪ್ರತಿದಾಳಿ 'ಯುರೇನಸ್' ಕಾರ್ಯಾಚರಣೆಯ ಹೊತ್ತಿಗೆ ಉರಾಲ್ ಕಡೆಯಿಂದ ಬಂದ ಆರು ಮೂಲೆಯ ಟರೆಟ್‌ನ ಟ್ಯಾಂಕುಗಳು ಸೋವಿಯತ್ ಪಡೆಗಳಲ್ಲಿ ಇದ್ದವು. 26ನೇ ಟ್ಯಾಂಕ್ ಕೋರ್ ನವೆಂಬರ್ 22ರಂದು ಕಲಾಚ್ ಬಳಿ ಡಾನ್ ನದಿಯ ಸೇತುವೆಯನ್ನು ವಶಪಡಿಸಿಕೊಂಡಿತು. ಮರುದಿನ ಉತ್ತರ ಮತ್ತು ದಕ್ಷಿಣದ ಪಡೆಗಳು ಸೊವೆಟ್‌ಸ್ಕಿಯಲ್ಲಿ ಸಂಧಿಸಿ ಜರ್ಮನ್ ಆರನೇ ಸೇನೆಯನ್ನು ಸುತ್ತುವರಿದವು. ಆ ಹುಲ್ಲುಗಾವಲಿನ ಟ್ಯಾಂಕಾದರೆ ನಿಮ್ಮ ಕಿಟ್‌ನ ಮುಖ್ಯ ಭಾಗಗಳೆಲ್ಲ ಹಾಗೆಯೇ ಉಳಿಯುತ್ತವೆ. ಡ್ರಮ್‌ಗಳನ್ನು ಬಿಟ್ಟುಬಿಡಿ, ಐದು ಜೋಡಿ ಚಕ್ರಗಳ ಪೈಕಿ ಮಧ್ಯದ ಮೂರನ್ನು ಉಕ್ಕಿನ ಅಂಚಿನವಾಗಿ ಬದಲಾಯಿಸಿ. ಪೂರ್ತಿ ಉಕ್ಕಿನ ಚಕ್ರಗಳು ವಿಪರೀತ ಸದ್ದು, ನಡುಕ ಉಂಟುಮಾಡುತ್ತಿದ್ದುದರಿಂದ ರಬ್ಬರ್ ದೊರೆತಾಗ ಮೊದಲನೆಯ ಮತ್ತು ಕೊನೆಯ ಜೋಡಿಗೆ ಅದನ್ನು ಮೀಸಲಿಡುತ್ತಿದ್ದರು.

ಗದಗಿನ ಗೆಳೆಯ:

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಆ ಟ್ಯಾಂಕನ್ನೇ ಮಾಡಬೇಕೆಂಬ ಆಸೆಯನ್ನು ಇಷ್ಟು ಬೇಗ ಕೈಬಿಡಬೇಕಿಲ್ಲ. ಟ್ರ್ಯಾಕ್ಟರ್ ಕಾರ್ಖಾನೆಯ ಟಿ-34ಕ್ಕೆಂದೇ ಸಿದ್ಧಪಡಿಸಿದ ಕಿಟ್‌ಗಳೂ ರೆಸಿನ್ ಟರೆಟ್‌ಗಳೂ ಸಿಗುತ್ತವೆ. ಹೊರದೇಶದಿಂದ ತರಿಸಿಕೊಂಡರೆ ಸುಂಕ ಸೇರಿ ಬೆಲೆ ಕೈ ಸುಡುವಷ್ಟಾಗುತ್ತದೆ ಎಂಬುದು ಮಾತ್ರ ನಿಜ.

ಬಣ್ಣವಿಲ್ಲದ ಟ್ಯಾಂಕಿನ ವಿಷಯಕ್ಕೆ ಬರೋಣ. ಜರ್ಮನ್ 16ನೇ ಪಾಂಜರ್ (ಟ್ಯಾಂಕ್) ಡಿವಿಷನ್ ನಗರದ ಉತ್ತರಕ್ಕೆ ವೋಲ್ಗಾ ತೀರವನ್ನು ಮುಟ್ಟಿದ್ದು 1942ರ ಆಗಸ್ಟ್ 23ರಂದು, ಅಕ್ಟೋಬರ್ ಮಧ್ಯದಲ್ಲಿ ಕಾರ್ಖಾನೆಯೇ ರಣರಂಗವಾಯಿತು. ಈ ನಡುವಿನ ವಾರಗಳಲ್ಲಿ ಕೈಗೆ ಸಿಕ್ಕ ಟ್ಯಾಂಕುಗಳನ್ನು ಇದ್ದ ಸ್ಥಿತಿಯಲ್ಲೇ ಹೊರಗೆ ಕಳುಹಿಸಿದರೆಂಬುದು ನಂಬಲಾಗದ ಮಾತೇನಲ್ಲ. ಆದರೆ ಕಪ್ಪು-ಬಿಳುಪಿನ ಫೋಟೋ ಒಂದನ್ನು ತೋರಿಸಿ 'ನೋಡಿ, ಇದಕ್ಕೆ ಬಣ್ಣವಿಲ್ಲ' ಎನ್ನುವವರನ್ನು ನಂಬಬೇಡಿ, ಏಕೆಂದರೆ ಧೂಳು ಹಿಡಿದ ಹಸಿರಿಗೂ ಬರಿಯ ಉಕ್ಕಿಗೂ ಅಂಥ ಫೋಟೋದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಮಾಡಲೇಬೇಕೆಂದಿದ್ದರೆ ಬೆಳ್ಳಿಬಣ್ಣ ಬಳಿಯುವ ಕೆಲಸವನ್ನಂತೂ ಮಾಡಬೇಡಿ. ಕಾಯಿಸಿ ಉರುಳೆಗಳ ನಡುವೆ ಚಪ್ಪಟೆ ಮಾಡಿದ ಕವಚದ ಫಲಕದ ಮೇಲೆ ನೀಲಿ ಬೆರೆತ ಕಪ್ಪು ಚಕ್ಕೆ ಇರುತ್ತದೆ. ಜ್ವಾಲೆಯಿಂದ ಕತ್ತರಿಸಿದ ಅಂಚಿನಲ್ಲಿ, ಬೆಸುಗೆಯ ಸುತ್ತ ತೆಳುವಾದ ಕಂದು ತುಕ್ಕು ಹತ್ತುತ್ತದೆ. ಗಾಢ ಬೂದಿಗೆ ಸ್ವಲ್ಪ ನೀಲಿ, ಸ್ವಲ್ಪ ಕಂದು ಸೇರಿಸಿ, ಒಂದೊಂದು ಫಲಕಕ್ಕೂ ಬೇರೆ ಛಾಯೆ ಕೊಡಿ.

ಕರಾವಳಿ ಕಿಟ್:

ಕಾರ್ಖಾನೆಯ ಚರ್ಚೆ ಮೇಲಿನಿಬ್ಬರಿಗಿರಲಿ. ನಾನು ಮೇಜಿನ ಮೇಲಿನ ಕೆಲಸದ ಬಗ್ಗೆ ಬರೆಯುತ್ತೇನೆ, ಏಕೆಂದರೆ ಸರಿಯಾದ ಟರೆಟ್ ಇಟ್ಟ ಎಷ್ಟೋ ಮಾದರಿಗಳು ಟ್ರ್ಯಾಕಿನಲ್ಲಿ ಸೋಲುತ್ತವೆ.

ಟಿ-34ಕ್ಕೆ ಮೇಲಿನ ಆಸರೆಯ ಗಾಲಿಗಳಿಲ್ಲ, ಆದ್ದರಿಂದ ಟ್ರ್ಯಾಕಿನ ಮೇಲ್ಭಾಗ ಜೋತು ಬಿದ್ದು ನೇರವಾಗಿ ಚಕ್ರಗಳ ನೆತ್ತಿಯ ಮೇಲೆಯೇ ಮಲಗಿರುತ್ತದೆ. ವಿನೈಲ್ ಪಟ್ಟಿ ಬಿಗಿದ ಬೆಲ್ಟಿನಂತೆ ನಿಂತುಬಿಡುತ್ತದೆ. ಅದನ್ನೇ ಬಳಸುವುದಾದರೆ ಒಡಲಿನ ಪಕ್ಕಕ್ಕೆ ಸಣ್ಣ ತೂತು ಕೊರೆದು, ಚಕ್ರಗಳ ಮೇಲೆ ಟ್ರ್ಯಾಕನ್ನು ಅದುಮಿ ಹಿಡಿಯುವಂತೆ ತಂತಿ ತೂರಿಸಿ ಅಂಟಿಸಿ. ಬಿಡಿ ಕೊಂಡಿಗಳ ಟ್ರ್ಯಾಕ್ ಸಿಕ್ಕರೆ ಇನ್ನೂ ಒಳ್ಳೆಯದು. ಬದಿಯೊಂದಕ್ಕೆ 72 ಕೊಂಡಿಗಳು, ಅವುಗಳಲ್ಲಿ ಒಂದು ಬಿಟ್ಟು ಒಂದಕ್ಕೆ ಹಲ್ಲು ಇರಬೇಕು. ಉಕ್ಕಿನ ಚಕ್ರಗಳು ಉರುಳುವ ಜಾಡಿನಲ್ಲಿ ಟ್ರ್ಯಾಕಿನ ಒಳಮೈ ಉಜ್ಜಿ ಹೊಳೆಯುತ್ತದೆ, ರಬ್ಬರ್ ಚಕ್ರ ಮಾತ್ರ ಇದ್ದಲ್ಲಿ ಆ ಹೊಳಪು ಅಷ್ಟಿರುವುದಿಲ್ಲ. ಓಡುತ್ತಿರುವ ಟ್ಯಾಂಕಿನ ಟ್ರ್ಯಾಕಿಗೆ ಕಿತ್ತಳೆ ಬಣ್ಣದ ತುಕ್ಕು ಬಳಿಯುವುದನ್ನು ದಯವಿಟ್ಟು ನಿಲ್ಲಿಸೋಣ.

ಅಳತೆಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಮುಂಭಾಗದ 45 ಮಿ.ಮೀ. ಕವಚ ನಮ್ಮ ಮಾದರಿಯಲ್ಲಿ ಸುಮಾರು 1.3 ಮಿ.ಮೀ. ಆಗುತ್ತದೆ, ಇದಕ್ಕೆ ಪ್ಲಾಸ್ಟಿಕ್ ಸರಿಹೋಗುತ್ತದೆ. ಆದರೆ ಕಿಟ್‌ನ ಮಡ್‌ಗಾರ್ಡ್ ಅಂಚು 1 ಮಿ.ಮೀ. ದಪ್ಪವಿದ್ದರೆ ಅದು ನಿಜ ಟ್ಯಾಂಕಿನಲ್ಲಿ 35 ಮಿ.ಮೀ. ತಗಡಾಯಿತು! ಅಂಚನ್ನು ಒಳಗಿನಿಂದ ಉಪ್ಪುಕಾಗದದಲ್ಲಿ ಉಜ್ಜಿ ತೆಳುವಾಗಿಸಿ, ಇಲ್ಲವೇ ತಂಪು ಪಾನೀಯದ ಡಬ್ಬಿಯ ತಗಡನ್ನು ಕತ್ತರಿಸಿ ಹೊಸದು ಮಾಡಿ ಅಲ್ಲಲ್ಲಿ ಸೊಟ್ಟಗಾಗಿಸಿ. ಎರಕದ ಟರೆಟ್‌ನ ಒರಟುತನಕ್ಕೆ ನೀರಾದ ಪುಟ್ಟಿಯನ್ನು ಬಿರುಸಾದ ಹಳೆಯ ಕುಂಚದಿಂದ ಚುಚ್ಚಿ ಚುಚ್ಚಿ ಹಚ್ಚಿ, ಒಣಗಿದ ಮೇಲೆ ಚೂಪಾದ ತುದಿಗಳನ್ನಷ್ಟೇ ಉಜ್ಜಿ ತೆಗೆಯಿರಿ. ಎರಕದ ಒರಟುಮೈಯನ್ನೂ ಬೆಸುಗೆಯ ಏಣನ್ನೂ ಕಣ್ಣಾರೆ ನೋಡಬೇಕೆನ್ನುವವರು ಮಹಾರಾಷ್ಟ್ರದ ಅಹಿಲ್ಯಾನಗರದಲ್ಲಿರುವ (ಹಿಂದಿನ ಅಹಮದ್‌ನಗರ) ಟ್ಯಾಂಕ್ ವಸ್ತುಸಂಗ್ರಹಾಲಯಕ್ಕೆ ಹೋಗಿಬರಬಹುದು. ಅಲ್ಲಿ ಶರ್ಮನ್, ಮಟಿಲ್ಡಾ, ವ್ಯಾಲೆಂಟೈನ್‌ಗಳಂಥ ಅದೇ ಯುದ್ಧದ ಟ್ಯಾಂಕುಗಳಿವೆ.

ಮಲೆನಾಡಿಗ:

ಮೂವರಿಗೂ ಧನ್ಯವಾದಗಳು. ಕಲಾಚ್ ಕಡೆಗೆ ಹೊರಟ ನವೆಂಬರ್ ತಿಂಗಳ ಟ್ಯಾಂಕನ್ನೇ ಮಾಡುತ್ತೇನೆ. ಹಾಗಾದರೆ ಹಸಿರಿನ ಮೇಲೆ ಬಿಳಿ ಬರಬೇಕಲ್ಲವೇ? ಕಿಟ್‌ನಲ್ಲಿರುವ ಕೆಂಪು ನಕ್ಷತ್ರ, ರಷ್ಯನ್ ಘೋಷಣೆಗಳ ಸ್ಟಿಕ್ಕರ್‌ಗಳನ್ನು ಅಂಟಿಸಬಹುದೇ? ಇಲ್ಲಿ ಮಳೆ ಹಿಡಿದಿರುವುದರಿಂದ ಬಣ್ಣದ ಕೆಲಸಕ್ಕೆ ಹೆದರಿಕೆಯೂ ಇದೆ.

ಉಕ್ಕಿನ ಕವಚ:

ಕೆಳಗೆ ಸೋವಿಯತ್ ಸೇನೆ ಬಳಸುತ್ತಿದ್ದ '4ಬಿಓ' ಎಂಬ ಹಸಿರು, ಮೇಲೆ ಚಳಿಗಾಲದ ಸುಣ್ಣದಂಥ ಬಿಳಿ. ಆ ಹಸಿರಿನ ಒಂದೇ ಸರಿಯಾದ ಛಾಯೆಗಾಗಿ ಜಗಳವಾಡುವುದರಲ್ಲಿ ಹುರುಳಿಲ್ಲ. ಯುದ್ಧಕಾಲದಲ್ಲಿ ಬಣ್ಣದ ಒಂದೊಂದು ಕಂತೂ ಬೇರೆಯಾಗಿರುತ್ತಿತ್ತು, ಬಿಸಿಲು-ಧೂಳು ಉಳಿದದ್ದನ್ನು ಮಾಡುತ್ತಿದ್ದವು. ಹಸಿರಿನ ಮೇಲೆ ಹೇರ್‌ಸ್ಪ್ರೇಯ ತೆಳು ಪದರ ಕೊಟ್ಟು, ಅದರ ಮೇಲೆ ಅಕ್ರಿಲಿಕ್ ಬಿಳಿಯನ್ನು ಕುಂಚದ ಗೆರೆ ಕಾಣುವಂತೆಯೇ ಹಚ್ಚಿ, ನಂತರ ಒದ್ದೆ ಕುಂಚದಿಂದ ಉಜ್ಜಿ ಅಲ್ಲಲ್ಲಿ ಹಸಿರನ್ನು ಹೊರತನ್ನಿ. ಸವೆತಕ್ಕೆ ಕಾರಣವಿರಬೇಕು: ಚಾಲಕನ ಮುಚ್ಚಳದ ಸುತ್ತ, ಟರೆಟ್‌ನ ಮುಚ್ಚಳಗಳ ಅಂಚು, ಕಾಲಾಳುಗಳು ಹತ್ತಿ ಕೂರುತ್ತಿದ್ದ ಹಿಂಭಾಗದ ಎಂಜಿನ್ ಮುಚ್ಚಿಗೆ. ಎಲ್ಲೆಡೆ ಒಂದೇ ಸಮನೆ ಸವೆಸಿದರೆ ಅದು ಹಳೆಯ ಗೋಡೆಯಾಗುತ್ತದೆ.

ಸ್ಟಿಕ್ಕರ್‌ಗಳನ್ನು ಬಿಡಿ. ನಕ್ಷತ್ರವೇ ಇಲ್ಲದ ಸೋವಿಯತ್ ಟ್ಯಾಂಕುಗಳು ಬಹಳ, ಇನ್ನು ಘೋಷಣೆಗಳು ಯಾವುದೋ ಬೇರೆ ಘಟಕದ, ಬೇರೆ ತಿಂಗಳ ನಿರ್ದಿಷ್ಟ ಟ್ಯಾಂಕಿಗೆ ಸೇರಿದವಾಗಿರುತ್ತವೆ. ಫೋಟೋ ಆಧಾರವಿದ್ದರೆ ಟರೆಟ್ ಬದಿಯಲ್ಲಿ ಒಂದು ಸಂಖ್ಯೆ ಸಾಕು.

ಕರಾವಳಿ ಕಿಟ್:

ಮಳೆಯ ಬಗ್ಗೆ: ಕುಂಚದ ಕೆಲಸಕ್ಕೆ ತೊಂದರೆಯಿಲ್ಲ, ಒಣಗಲು ಹೆಚ್ಚು ಸಮಯ ಕೊಡಿ, ಅಷ್ಟೇ. ಮ್ಯಾಟ್ ವಾರ್ನಿಷ್ ಸ್ಪ್ರೇಯನ್ನು ಮಾತ್ರ ಜೋರು ಮಳೆಯ ದಿನ ಮುಟ್ಟಬೇಡಿ. ಗಾಳಿಯ ತೇವಕ್ಕೆ ಅದು ಮಂಜು ಕವಿದಂತೆ ಬೆಳ್ಳಗಾಗುತ್ತದೆ, ಬಿಳಿಯ ಮೇಲೆ ಕಾಣದಿದ್ದರೂ ಉಜ್ಜಿ ತೆಗೆದ ಹಸಿರಿನ ಮೇಲೆ ಎದ್ದು ಕಾಣುತ್ತದೆ. ಬಿಸಿಲು ಬಂದ ದಿನ, ಮಧ್ಯಾಹ್ನದ ಹೊತ್ತಿಗೆ, ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಹೊಡೆಯಿರಿ. ಮೊದಲು ಬೇಡದ ಪ್ಲಾಸ್ಟಿಕ್ ತುಂಡಿನ ಮೇಲೆ ಪರೀಕ್ಷೆ ಮಾಡಿ. ನಿಮ್ಮ ಬಳಿ ಬಳಕೆಗೆ ಬಾರದ ಎರಡು ಡ್ರಮ್‌ಗಳಂತೂ ಇದ್ದೇ ಇವೆ.