ರಿಫ್ಲೆಕ್ಸ್ ಬಾಲ್ ತಗೋಬೇಕು, ಯಾವುದು? ಬಳಸಿದವರು ಅನುಭವ ಹೇಳಿ

ವಿಜಯನಗರದ ಅಪ್ಪ:
ಮಗನಿಗೆ 13 ವರ್ಷ. ಬಾಕ್ಸಿಂಗ್ ಕ್ಲಾಸಿಗೆ ಸೇರಿ ನಾಲ್ಕು ತಿಂಗಳಾಯ್ತು. ವಾರಕ್ಕೆ ಮೂರೇ ದಿನ ಕ್ಲಾಸು. ಉಳಿದ ದಿನ ಮನೆಯಲ್ಲಿ ಅಭ್ಯಾಸಕ್ಕೆ ರಿಫ್ಲೆಕ್ಸ್ ಬಾಲ್ (ಹೊಡೆದರೆ ತಿರುಗಿ ಬರುವ ಚೆಂಡು) ಬೇಕು ಅಂತ ಹಠ ಹಿಡಿದಿದ್ದಾನೆ. ತಲೆಗೆ ಪಟ್ಟಿ ಕಟ್ಟಿ ದಾರದಲ್ಲಿ ಚೆಂಡು ತೂಗಿಬಿಡುವುದು, ಸ್ಪ್ರಿಂಗ್ ಕಂಬದ ಮೇಲೆ ನಿಲ್ಲುವುದು, ಮೇಲೆ ಕೆಳಗೆ ರಬ್ಬರಿನಿಂದ ಬಿಗಿಯುವ ಡಬಲ್ ಎಂಡ್, ಮೂರೂ ನೋಡಿದೆ. ನಮ್ಮದು ಎರಡನೇ ಮಹಡಿ, ಬಾಡಿಗೆ ಮನೆ. ಮಗನಿಗೆ ಕನ್ನಡಕ ಇದೆ. 2,000 ರೂಪಾಯಿ ಮೀರಬಾರದು. ಬಳಸಿದವರು ದಯವಿಟ್ಟು ಹೇಳಿ.

ಎಡಗೈ ತುಮಕೂರು:
ತಲೆಪಟ್ಟಿಯದ್ದೇ ತಗೊಳ್ಳಿ ಸರ್. ನಾನು ಮೂರು ಕೊಂಡು ಕಲಿತವನು. ಮೊದಲನೆಯದು 249 ರೂಪಾಯಿ. ಚೆಂಡು ಗಟ್ಟಿ ರಬ್ಬರು, ಬೆರಳಲ್ಲಿ ಒತ್ತಿದರೆ ಅಮುಕುತ್ತಲೇ ಇರಲಿಲ್ಲ. ಎರಡನೇ ದಿನ ತುಟಿ ಒಡೆಯಿತು. ಎರಡನೆಯದು 399. ಚೆಂಡು ಮೆತ್ತಗಿತ್ತು, ಪಟ್ಟಿ ಕೈಕೊಟ್ಟಿತು. ಬೆವರು ಇಳಿದ ಕೂಡಲೇ ಹಣೆಯಿಂದ ಜಾರಿ ಹುಬ್ಬಿನ ಮೇಲೆ ಕೂರುತ್ತಿತ್ತು. ಹನ್ನೊಂದನೇ ದಿನ ದಾರ ಗಂಟಿನ ಹತ್ತಿರವೇ ಕಿತ್ತು, ಚೆಂಡು ಹಾರಿ ದೇವರ ಫೋಟೊ ಗಾಜು ಒಡೆಯಿತು. ಗಾಜು ಹಾಕಿಸಲು 180. ಮೂರನೆಯದು 549. ಪಟ್ಟಿಯ ಒಳಗೆ ಜಾರದಂತೆ ಸಿಲಿಕಾನ್ ಗೆರೆ ಇತ್ತು, ಎರಡು ದಾರ ಜಾಸ್ತಿ ಕೊಟ್ಟಿದ್ದರು. ಒಟ್ಟು 1,377 ಆಯ್ತು. ಮೊದಲೇ ಯಾರಾದರೂ ಹೇಳಿದ್ದರೆ 549ರಲ್ಲೇ ಮುಗಿಯುತ್ತಿತ್ತು.

ದಾರದ ಉದ್ದವೇ ಮುಖ್ಯ. ಗಿಡ್ಡ ಇಟ್ಟರೆ ತಟ್ಟಿದ ತಕ್ಷಣ ಚೆಂಡು ಮುಖಕ್ಕೇ ಬಡಿಯುತ್ತದೆ, ಎರಡನೇ ಕೈ ಎತ್ತಲು ಹೊತ್ತೇ ಸಿಗುವುದಿಲ್ಲ. ಸುಮ್ನೆ ನಿಂತಾಗ ಚೆಂಡು ಹೊಕ್ಕಳ ಹತ್ತಿರ ತೂಗುವಷ್ಟು ಬಿಟ್ಟ ಮೇಲೆ ನನಗೆ ಹದ ಸಿಕ್ಕಿತು. ಮೊದಲ ವಾರ ಒಂದೇ ಕೈ. ಗುದ್ದಬಾರದು, ಗೆಣ್ಣಿನಿಂದ ತಟ್ಟಬೇಕು. ಜೋರು ಮಾಡಿದಷ್ಟೂ ಚೆಂಡು ಅಡ್ಡಾದಿಡ್ಡಿ ಓಡುತ್ತದೆ. ಏಳು ತಟ್ಟುವುದರೊಳಗೆ ತಪ್ಪುತ್ತಿದ್ದವನು ನಾಲ್ಕು ತಿಂಗಳಲ್ಲಿ ಒಂದೇ ಸಮ 212 ಮುಟ್ಟಿದೆ. ಆ ಅಂಕೆಯನ್ನು ಪೆನ್ಸಿಲ್ಲಲ್ಲಿ ಗೋಡೆ ಮೇಲೆ ಬರೆದಿದ್ದೇನೆ, ಇವತ್ತಿಗೂ ಅಳಿಸಿಲ್ಲ.

ಹುಬ್ಬಳ್ಳಿ ರಿಂಗ್ ಬದಿ:
ತಲೆಪಟ್ಟಿಯದ್ದು ಆಟದ ಸಾಮಾನು. 212 ತಟ್ಟಿದ್ದು ಸರಿ, ಎದುರಿಗೆ ಒಬ್ಬ ನಿಂತರೆ ಏನು ಮಾಡುತ್ತೀರಿ? ಚೆಂಡು ನಿಮ್ಮ ತಲೆಗೇ ಕಟ್ಟಿದೆ. ನೀವು ಒಂದು ಹೆಜ್ಜೆ ಹಿಂದೆ ಸರಿದರೆ ಅದೂ ಸರಿಯುತ್ತದೆ. ಎದುರಾಳಿ ಎಷ್ಟು ದೂರ ಇದ್ದಾನೆ ಅನ್ನುವ ಲೆಕ್ಕ ಅಲ್ಲಿ ಬರುವುದೇ ಇಲ್ಲ. ನಾನು ಮೂರು ವರ್ಷ ಹುಡುಗರು ಗುದ್ದಿ ಕಲಿಯಲು ಎದುರಿಗೆ ನಿಂತು ಪ್ಯಾಡ್ ಹಿಡಿದಿದ್ದೇನೆ. ಈ ಚೆಂಡು ಕಟ್ಟಿಕೊಂಡು ಬಂದವರು ಜಾಬ್ (ಮುಂದಿನ ಕೈಯ ನೇರ ಗುದ್ದು) ಹೊಡೆದ ಕೈಯನ್ನು ಗದ್ದಕ್ಕೆ ವಾಪಸ್ ತರುವುದಿಲ್ಲ, ಎದೆ ಹತ್ತಿರವೇ ಬಿಟ್ಟಿರುತ್ತಾರೆ. ಕಾಲು ನೆಟ್ಟ ಕಂಬ.

ಡಬಲ್ ಎಂಡ್ ಕಟ್ಟಿ. ನಮ್ಮದು ಹಳೇ ಮನೆ. ನಡುಮನೆ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕೊಂಡಿ ಇತ್ತು. ನನ್ನನ್ನೂ ನನ್ನ ತಮ್ಮನನ್ನೂ ತೂಗಿದ ಕೊಂಡಿ. ಮೇಲಿನ ರಬ್ಬರ್ ಅದಕ್ಕೇ ಹಾಕಿದೆ. ಚೆಂಡು 850. ಜತೆಗೆ ಬಂದ ರಬ್ಬರ್ ಎರಡು ತಿಂಗಳಲ್ಲಿ ಸಡಿಲವಾಯಿತು. ಪಂಕ್ಚರ್ ಅಂಗಡಿಯಿಂದ ಹಳೇ ಸೈಕಲ್ ಟ್ಯೂಬ್ ತಂದು, ಉದ್ದಕ್ಕೆ ಸೀಳಿ, ಜಡೆ ಹೆಣೆದಂತೆ ಹೆಣೆದು ಹಾಕಿದೆ. ಒಂದೂವರೆ ವರ್ಷವಾಯಿತು, ಇನ್ನೂ ಕಿತ್ತಿಲ್ಲ. ಕೆಳಗಿನ ತುದಿಯನ್ನು ಮೊದಲು 10 ಕೆಜಿ ಡಂಬೆಲ್ ಪ್ಲೇಟಿಗೆ ಕಟ್ಟಿದ್ದೆ. ಪ್ರತಿ ಕ್ರಾಸಿಗೂ (ಹಿಂದಿನ ಕೈಯ ನೇರ ಗುದ್ದು) ಪ್ಲೇಟ್ ಜರುಗಿ ಕೆಂಪು ಗಾರೆ ನೆಲಕ್ಕೆ ಗೀರು ಬಿತ್ತು. ಅವ್ವ ಒಂದು ವಾರ ಮಾತು ಬಿಟ್ಟಳು. ಕೊನೆಗೆ ಹಿತ್ತಲಲ್ಲಿ ಬಿದ್ದಿದ್ದ ಒರಳುಕಲ್ಲು ಉರುಳಿಸಿ ಒಳಗೆ ತಂದೆ. ಅಡಿಗೆ ಗೋಣಿಚೀಲ ಹಾಸಿ, ಸುತ್ತ ಹಗ್ಗ ಬಿಗಿದು, ಅದಕ್ಕೆ ರಬ್ಬರ್ ಸಿಕ್ಕಿಸಿದೆ. ಇವತ್ತಿನವರೆಗೆ ಕಲ್ಲು ಒಂದು ಬೆರಳಷ್ಟೂ ಜರುಗಿಲ್ಲ.

ರಬ್ಬರ್ ಬಿಗಿ ಇದ್ದರೆ ಚೆಂಡು ಸಣ್ಣಗೆ, ಬೇಗ ಆಡುತ್ತದೆ. ಸಡಿಲ ಇದ್ದರೆ ದೊಡ್ಡದಾಗಿ, ನಿಧಾನಕ್ಕೆ ತೂಗುತ್ತದೆ. ಹೊಸಬರು ಸಡಿಲದಿಂದಲೇ ಶುರು ಮಾಡಬೇಕು. ಹೊಡೆದು ತಲೆ ಪಕ್ಕಕ್ಕೆ ತೆಗೆಯದಿದ್ದರೆ ಅದೇ ವಾಪಸ್ ಬಂದು ಮೂಗಿಗೆ ಕೊಡುತ್ತದೆ. ಆ ಭಯವೇ ಸ್ಲಿಪ್, ಅಂದರೆ ತಲೆ ತಪ್ಪಿಸುವುದನ್ನು, ಕಲಿಸುತ್ತದೆ.

ಎಡಗೈ ತುಮಕೂರು:
ರೀ ಸ್ವಾಮಿ, ಉಕ್ರೇನಿನ ಬಾಕ್ಸರ್ ಲೊಮಚೆಂಕೊ ಟೋಪಿಗೆ ಟೆನಿಸ್ ಬಾಲ್ ಕಟ್ಟಿಕೊಂಡು ತಟ್ಟುವ ವಿಡಿಯೊ ಲೋಕವೆಲ್ಲ ನೋಡಿದೆ. 2008ರ ಬೀಜಿಂಗ್, 2012ರ ಲಂಡನ್, ಎರಡು ಒಲಿಂಪಿಕ್ ಚಿನ್ನ. ಅವರೂ ನನ್ನ ಹಾಗೆ ಬಲಗೈ ಮುಂದಿಟ್ಟು ನಿಲ್ಲುವ ಸೌತ್‌ಪಾ. ಅವರು ತಲೆಗೆ ಕಟ್ಟಿಕೊಂಡದ್ದು ಆಟದ ಸಾಮಾನಾ?

ಹುಬ್ಬಳ್ಳಿ ರಿಂಗ್ ಬದಿ:
ಚೆಂಡು ನೋಡಿದಿರಿ, ಕಾಲು ನೋಡಲಿಲ್ಲ. ಚಿಕ್ಕವರಿದ್ದಾಗ ಅವರಪ್ಪ ಬಾಕ್ಸಿಂಗ್ ನಿಲ್ಲಿಸಿ ಉಕ್ರೇನಿನ ಜನಪದ ಕುಣಿತಕ್ಕೆ ಸೇರಿಸಿದ್ದರು. ಗೆದ್ದದ್ದು ಆ ಹೆಜ್ಜೆ. ಅವರಿಗೆ ಆ ಚೆಂಡು ಊಟ ಆದ ಮೇಲಿನ ಎಲೆಅಡಿಕೆ. ನೀವು ಎಲೆಅಡಿಕೆಯನ್ನೇ ಊಟ ಅಂತ ಹುಡುಗನಿಗೆ ಬಡಿಸುತ್ತಿದ್ದೀರಿ.

ಎಡಗೈ ತುಮಕೂರು:
ಪ್ಯಾಡ್ ಹಿಡಿದವರೆಲ್ಲ ಕೋಚ್ ಆಗುವುದಿಲ್ಲ.

ಮೈಸೂರು ಅಕ್ಕ:
ಇಬ್ಬರೂ ಸ್ವಲ್ಪ ತಾಳಿ. ಸ್ಪ್ರಿಂಗ್ ಕಂಬದ್ದರ ಬಗ್ಗೆ ನಾನು ಹೇಳುತ್ತೇನೆ, ಕೊಟ್ಟ ದುಡ್ಡು ನನ್ನದು. 3,650. ಬುಡಕ್ಕೆ ನೀರು ಇಲ್ಲವೇ ಮರಳು ತುಂಬಿ ಅಂತ ಬರೆದಿತ್ತು. ಸುಲಭ ಅಲ್ವಾ ಅಂತ ನೀರು ತುಂಬಿದೆ. ಮುಚ್ಚಳದ ವಾಷರ್ ಸರಿಯಾಗಿ ಕೂತಿರಲಿಲ್ಲ. ರಾತ್ರಿಯಿಡೀ ಸೋರಿ ಬೆಳಿಗ್ಗೆ ಸೋಫಾ ಅಡಿಯೆಲ್ಲ ಒದ್ದೆ. ವಾಷರ್ ಬದಲಿಸಿದ ಮೇಲೂ, ಒಂದು ಕ್ರಾಸ್ ಜೋರಾಗಿ ಬಿದ್ದರೆ ಬುಡವೇ ಹಿಂದೆ ಹೋಗುತ್ತಿತ್ತು. ಆಮೇಲೆ ಮರಳು. ಕಟ್ಟಡದ ಕೆಲಸದವರಿಂದ ಎರಡು ಚೀಲ ಎಂ ಸ್ಯಾಂಡ್, 120 ರೂಪಾಯಿ. ಜರಡಿ ಹಿಡಿದು, ತಾರಸಿಯಲ್ಲಿ ಎರಡು ದಿನ ಒಣಗಿಸಿ, ಎಣ್ಣೆ ಸುರಿಯುವ ಲಾಳಿಕೆಯಲ್ಲಿ ತುಂಬಿದೆ. ಸ್ವಲ್ಪ ಹಸಿ ಇದ್ದರೂ ಲಾಳಿಕೆ ಕಟ್ಟಿಕೊಳ್ಳುತ್ತದೆ. ಚಪಾತಿ ಲಟ್ಟಣಿಗೆಯ ಹಿಡಿಯಿಂದ ತಟ್ಟಿ ತಟ್ಟಿ ಇಳಿಸಬೇಕು. ಮೂರು ಗಂಟೆ ಹಿಡಿಯಿತು. ಕೆಳಗಿನ ಮನೆಯವರಿಗೆ ಸದ್ದು ಅಂತ ರಬ್ಬರ್ ಮ್ಯಾಟ್ 1,100. ಅಲ್ಲಿಗೆ 4,870.

ಇನ್ನು ಬೆರಳಿನ ಕಥೆ. ಚೆಂಡು ಮೆತ್ತಗಿದೆ ಅಂತ ಕೈಗೆ ಬಟ್ಟೆಪಟ್ಟಿಯ ವ್ರ್ಯಾಪ್ ಸುತ್ತಿರಲಿಲ್ಲ. ಚೆಂಡು ತಪ್ಪಿ ಕಿರುಬೆರಳ ಗೆಣ್ಣು ಕಂಬಕ್ಕೆ ತಾಗಿತು. ಎಕ್ಸ್‌ರೇ 450, ಡಾಕ್ಟರ್ ಫೀಸು 500. ಮೂರು ವಾರ ಕಿರುಬೆರಳು, ಉಂಗುರ ಬೆರಳು ಸೇರಿಸಿ ಕಟ್ಟಿದ್ದರು. ಬಟ್ಟೆ ಹಿಂಡಲೂ ಆಗುತ್ತಿರಲಿಲ್ಲ. ಈಗ ನಾಲ್ಕೂವರೆ ಮೀಟರ್ ವ್ರ್ಯಾಪ್ ಪೂರ್ತಿ ಸುತ್ತದೆ ಅದರ ಹತ್ತಿರವೂ ಹೋಗುವುದಿಲ್ಲ. 41ನೇ ವಯಸ್ಸಿಗೆ ಶುರು ಮಾಡಿದವಳು ನಾನು. ದಿನಾ 3 ನಿಮಿಷದ ನಾಲ್ಕು ರೌಂಡ್, ನಡುವೆ 1 ನಿಮಿಷ ಬಿಡುವು. ಆಫೀಸಿನ ಸಿಟ್ಟು ಮನೆಗೆ ತರುವುದು ನಿಂತಿದೆ. ಅದಕ್ಕೆ ಬೆಲೆ ಕಟ್ಟಲು ಆಗುತ್ತಾ?

ಡೆಪಾಸಿಟ್ ಕಳಕೊಂಡವನು:
ಹುಬ್ಬಳ್ಳಿಯವರೇ, ಸ್ವಂತ ಮನೆ, ತೊಲೆ, ಕೊಂಡಿ ಎಲ್ಲ ಇರುವವರಿಗೆ ಮಾತು ಸುಲಭ. ನಾನು ನಿಮ್ಮಂಥವರ ಮಾತು ಕೇಳಿ ಬಾಡಿಗೆ ಮನೆ ಸೀಲಿಂಗಿಗೆ ಡ್ರಿಲ್ ಹಾಕಿಸಿದೆ. ಬೋಲ್ಟ್ 60, ಡ್ರಿಲ್ ಹುಡುಗನಿಗೆ 200. ಮನೆ ಬಿಡುವಾಗ ಆ ಒಂದು ತೂತಿಗೆ 6,000 ಹಿಡಿದುಕೊಂಡರು. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಬೇರೆ. ತೂತನ್ನು ನಾನೇ ವೈಟ್ ಸಿಮೆಂಟ್ ಮೆತ್ತಿ, ಉಜ್ಜಿ, ಗೊತ್ತಾಗದಂತೆ ಮುಚ್ಚಿದ್ದೆ. ಓನರ್ ಟಾರ್ಚ್ ಹಿಡಿದು ಹುಡುಕಿದರು.

ಮನೆ ಬಾಡಿಗೆ ಕೊಟ್ಟವಳು:
ಟಾರ್ಚ್ ಹಿಡಿಯದೆ ಇನ್ನೇನು ಮಾಡಬೇಕಿತ್ತು? ನಮ್ಮ ಮೇಲಿನ ಮನೆಯಲ್ಲಿ ಒಬ್ಬರು ಕೇಳದೆ ಹೀಗೇ ಕೊರೆಸಿದರು. ಮಳೆಗಾಲದಲ್ಲಿ ಅದೇ ಜಾಗದಿಂದ ತೇವ ಇಳಿದು ಪ್ಲಾಸ್ಟರ್ ಉದುರಿತು. ವಾಟರ್‌ಪ್ರೂಫಿಂಗ್‌ಗೆ 18,000 ಕೊಟ್ಟವಳು ನಾನು, ಅವರಲ್ಲ. ಒಂದು ಮಾತು ಕೇಳಿದ್ದರೆ ಎಲ್ಲಿ ಕೊರೆಯಬಹುದು ಅಂತ ನಾನೇ ತೋರಿಸುತ್ತಿದ್ದೆ.

ಡೆಪಾಸಿಟ್ ಕಳಕೊಂಡವನು:
ಬಾತ್‌ರೂಮ್ ನಲ್ಲಿ ಸೋರುತ್ತಿದೆ ಅಂತ ನಾಲ್ಕು ತಿಂಗಳು ಫೋನ್ ಮಾಡಿದೆ ಮೇಡಂ. ಆಗ ನಮ್ಮ ಓನರ್ ಎತ್ತಲಿಲ್ಲ. ಡೆಪಾಸಿಟ್ ಲೆಕ್ಕಕ್ಕೆ ಮಾತ್ರ ಬೆಳಿಗ್ಗೆ ಏಳಕ್ಕೇ ಬಾಗಿಲಲ್ಲಿ ನಿಂತಿದ್ದರು.

ಮನೆ ಬಾಡಿಗೆ ಕೊಟ್ಟವಳು:
ನಿಮ್ಮ ಓನರ್ ಸಿಟ್ಟನ್ನು ನನ್ನ ಮೇಲೆ ಯಾಕೆ ತೀರಿಸುತ್ತೀರಿ?

ಮೈನಸ್ ಏಳು:
ಹುಡುಗನಿಗೆ ಕನ್ನಡಕ ಇದೆ ಅಂತ ಅವರಪ್ಪ ಬರೆದಿದ್ದಾರೆ. ಇಷ್ಟು ಜನದಲ್ಲಿ ಒಬ್ಬರಾದರೂ ಓದಿದಿರಾ? ಬೆಳಿಗ್ಗೆಯಿಂದ ತೂತು, ಪೇಂಟು, ಎಲೆಅಡಿಕೆ!

ನನ್ನ ಪವರ್ ಮೈನಸ್ 7. ಎಡಗೈಯವರು ಹೇಳುವ ಅದೇ ತಲೆಪಟ್ಟಿ ಚೆಂಡು ಕೊಂಡೆ. ಕನ್ನಡಕ ತೆಗೆದರೆ ಚೆಂಡು ಕಾಣುವುದಿಲ್ಲ, ಹಸಿರು ಮಸುಕೊಂದು ಬಂದು ಹೋದಂತೆ. ಹಾಕಿಕೊಂಡು ಮಾಡಿದೆ. ಮೂರನೇ ದಿನ ಚೆಂಡು ನೇರ ಎಡಗಣ್ಣಿನ ಗಾಜಿಗೆ ಬಡಿಯಿತು. ಗಾಜು ಒಡೆಯಲಿಲ್ಲ, ಮೂಗಿನ ಮೇಲೆ ಕೂರುವ ತಂತಿ ಒಳಗೆ ತಿರುಗಿ ಚರ್ಮ ಸೀಳಿತು. ಎರಡು ಹೊಲಿಗೆ. ಹೊಸ ಫ್ರೇಮ್, ಗಾಜು ಸೇರಿ 2,800. ಕಣ್ಣಿನ ಡಾಕ್ಟರ್ ಬೈದದ್ದು ಬೇರೆ. ಮೈನಸ್ ಪವರ್ ಜಾಸ್ತಿ ಇರುವವರಿಗೆ ರೆಟಿನಾ, ಅಂದರೆ ಕಣ್ಣಿನ ಒಳಪರದೆ, ತೆಳುವಾಗಿರುತ್ತದೆ, ಕಣ್ಣಿಗೆ ಪೆಟ್ಟು ಬಿದ್ದರೆ ಅದು ಕಳಚುವ ಅಪಾಯ ಇದೆ ಅಂದರು. ಡ್ರಾಪ್ಸ್ ಹಾಕಿ ರೆಟಿನಾ ಪೂರ್ತಿ ನೋಡಿಸಿಕೊಂಡು ಬಂದೆ. ಕನ್ನಡಕ ಹಾಕಿಕೊಂಡು ರಿಂಗಿಗಂತೂ ಬಿಡುವುದಿಲ್ಲ. ನಾನು ಬಾಕ್ಸಿಂಗ್ ಬಿಟ್ಟೆ. ಎರಡು ವರ್ಷ ಕಳೆದರೂ ಗ್ಲೋವ್ಸ್ ಯಾರಿಗೂ ಕೊಟ್ಟಿಲ್ಲ.

ಈಗ ಪಾಲಿಕಾರ್ಬನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಲೆನ್ಸಿನ ಸ್ಪೋರ್ಟ್ಸ್ ಕನ್ನಡಕ ಹಾಕಿ, ಬಾಕ್ಸಿಂಗ್ ಸ್ಟಾನ್ಸ್‌ನಲ್ಲಿ ನಿಂತು, ಟೆನಿಸ್ ಬಾಲ್ ಗೋಡೆಗೆ ಎಸೆದು ಹಿಡಿಯುತ್ತೇನೆ. ಒಂದು ಕೈಯಲ್ಲಿ ಎಸೆದು ಇನ್ನೊಂದರಲ್ಲಿ ಹಿಡಿಯುವುದು. ಚೆಂಡಿಗೆ 60 ರೂಪಾಯಿ.

ವಿಜಯನಗರದ ಅಪ್ಪ:
ಮಗನದು ಮೈನಸ್ ಎರಡೂಮುಕ್ಕಾಲು. ಶನಿವಾರ ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಹೆದರಿಕೆ ಆಯ್ತು, ಹೇಳಿದ್ದಕ್ಕೆ ಉಪಕಾರ. ಡಬಲ್ ಎಂಡ್ ಕೊರೆಯದೆ ಕಟ್ಟಲು ಆಗುತ್ತಾ? ನಮ್ಮಲ್ಲಿ ಒರಳುಕಲ್ಲು ಇಲ್ಲ.

ಹುಬ್ಬಳ್ಳಿ ರಿಂಗ್ ಬದಿ:
ಆಗುತ್ತದೆ. ಬಾಗಿಲ ಚೌಕಟ್ಟಿನ ನಡುವೆ ತಿರುಗಿಸಿ ಬಿಗಿಯುವ ಪುಲ್ ಅಪ್ ರಾಡ್ ಸಿಗುತ್ತದೆ. ಮೇಲಿನ ರಬ್ಬರ್ ಅದಕ್ಕೆ. ಕೆಳಗೆ 20 ಲೀಟರ್ ನೀರಿನ ಕ್ಯಾನ್ ತುಂಬಿಸಿ ಇಡಿ, 20 ಕೆಜಿ ಆಯ್ತು. ಚೆಂಡು ಮಗನ ಗದ್ದದ ಎತ್ತರಕ್ಕಿರಲಿ. ಡಾಕ್ಟರ್ ಹೂಂ ಅಂದ ಮೇಲೆ ಮಾತ್ರ. ತಲೆಪಟ್ಟಿ ಬೇಡವೇ ಬೇಡ.

ಎಡಗೈ ತುಮಕೂರು:
ಇವತ್ತು ಸಂಜೆ ಮೊಬೈಲನ್ನು ಕಿಟಕಿಯಲ್ಲಿ ಇಟ್ಟು ವಿಡಿಯೊ ಮಾಡಿ ನೋಡಿದೆ. ತಟ್ಟಿದ ಮೇಲೆ ಬಲಗೈ ಗದ್ದಕ್ಕೆ ಬರುತ್ತಿಲ್ಲ, ಎದೆ ಹತ್ತಿರವೇ ನಿಲ್ಲುತ್ತಿದೆ. ಅದು ನಿಜ, ಒಪ್ಪಿದೆ. ಕಾಲು ನೆಟ್ಟ ಕಂಬ ಅಂದಿರಲ್ಲ, ಅದು ಸುಳ್ಳು. ನಾನು ಅಡುಗೆ ಮನೆ ಬಾಗಿಲಿಂದ ಮುಂಬಾಗಿಲವರೆಗೆ ನಡೆಯುತ್ತಾ ತಟ್ಟುತ್ತೇನೆ. ವಿಡಿಯೊ ಬೇಕಾದರೆ ಹಾಕುತ್ತೇನೆ, ನೋಡಿ ಹೇಳಿ.